ಹೆರಿಗೆ ಕೋಣೆಯ ಹೊಸ ಹಾಳೆ: ಲೇಬರ್ ಕೇರ್ ಗೈಡ್ ಹೇಗಿದೆ?

ಹೆರಿಗೆ ಹೇಗೆ ಸಾಗುತ್ತಿದೆ ಎಂದು ಆಗಾಗ ಗುರುತಿಸುತ್ತ ಹೋಗಬೇಕಾದ ಹಾಳೆ ಪಾರ್ಟೋಗ್ರಾಫ್. ಅದನ್ನು ತುಂಬುವುದು ಹೆರಿಗೆ ಮುಗಿದ ಮೇಲೆ ಎನ್ನುವುದು ಲೇಬರ್ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಡದ ಸಂಗತಿ. ಮಗು ಅತ್ತಾಯಿತು, ಹೊಲಿಗೆ ಹಾಕಿಯಾಯಿತು, ಪಾಳಿ ಬದಲಾಗಲು ಇನ್ನು ಕಾಲು ಗಂಟೆ. ಆಗ ಒಂದೇ ಪೆನ್ನು, ಒಂದೇ ಬರಹ, ಅರ್ಧ ಗಂಟೆಗೊಂದರಂತೆ ಮಗುವಿನ ಎದೆಬಡಿತ 140, 142, 140, 138. ಅಂಥ ಹಾಳೆ ನೋಡಲು ಚೆಂದ, ಉಪಯೋಗಕ್ಕೆ ಸೊನ್ನೆ.

ಆ ಹಾಳೆಯ ಜಾಗಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ತಂದದ್ದು ಲೇಬರ್ ಕೇರ್ ಗೈಡ್. ಹಳೆಯದಕ್ಕಿಂತ ಇದು ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಇದು ಪ್ರಾಮಾಣಿಕವಾಗಿ ತುಂಬಲು ಕೈಗಳನ್ನು ಬೇಡುತ್ತದೆ. ಸಿಬ್ಬಂದಿ ಕೊಡದೆ ಹಾಳೆಯನ್ನಷ್ಟೇ ಹಂಚುವ ಆಸ್ಪತ್ರೆಯಲ್ಲಿ ಇದು ಮಿಡ್‌ವೈಫ್‌ಗಳ ಮೇಲೆ ಇನ್ನೊಂದು ಹೊರೆ, ಅಷ್ಟೆ.

ಹಳೆಯ ಹಾಳೆಯ ಮೂಲ, ಗರ್ಭಕಂಠ ಎಷ್ಟು ಹೊತ್ತಿಗೆ ಎಷ್ಟು ತೆರೆಯುತ್ತದೆ ಎಂದು ತೋರಿಸುವ 1950ರ ದಶಕದ ಫ್ರೀಡ್‌ಮನ್ ರೇಖೆ. 1972ರಲ್ಲಿ ವೈದ್ಯರಾದ ಫಿಲ್ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಎರಡು ಓರೆ ಗೆರೆ ಸೇರಿಸಿದರು. ಗಂಟೆಗೆ 1 ಸೆಂ.ಮೀ. ಲೆಕ್ಕದಲ್ಲಿ ಏರುವುದು ಎಚ್ಚರಿಕೆಯ ಗೆರೆ, ಅದರಿಂದ ನಾಲ್ಕು ಗಂಟೆ ಬಲಕ್ಕೆ ಕ್ರಮ ಕೈಗೊಳ್ಳಬೇಕಾದ ಗೆರೆ. ಎಲ್ಲ ಹೆಂಗಸರ ಗರ್ಭಕಂಠವೂ ಗಡಿಯಾರದ ಮುಳ್ಳಿನ ಹಾಗೆ ಗಂಟೆಗೊಂದು ಸೆಂ.ಮೀ. ತೆರೆಯುವುದಿಲ್ಲ ಎನ್ನುವುದು ಹೆರಿಗೆ ಮಾಡಿಸುವವರಿಗೆ ಮೊದಲಿನಿಂದ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಶಿಫಾರಸಿನಲ್ಲಿ ಬರೆದದ್ದು 2018ರಲ್ಲಿ. ಜೊತೆಗೆ, ಹೆರಿಗೆ ನೋವಿನ ಸಕ್ರಿಯ ಹಂತ ಶುರುವಾಗುವುದು 4 ಸೆಂ.ಮೀ.ಗೆ ಅಲ್ಲ, 5ಕ್ಕೆ ಎಂದೂ ಹೇಳಿತು. ಹೊಸ ಹಾಳೆಯಲ್ಲಿ ಆ ಎರಡು ಗೆರೆಗಳೇ ಇಲ್ಲ.

ಗೆರೆಗಳ ಬದಲಿಗೆ ಪ್ರತಿ ಸೆಂಟಿಮೀಟರಿಗೂ ಒಂದು ಮಿತಿ ಇದೆ. 5 ಸೆಂ.ಮೀ.ನಲ್ಲಿ 6 ಗಂಟೆ, 6ರಲ್ಲಿ 5 ಗಂಟೆ, 7ರಲ್ಲಿ 3, 8ರಲ್ಲಿ ಎರಡೂವರೆ, 9ರಲ್ಲಿ 2. ಅಷ್ಟು ಹೊತ್ತು ಅಲ್ಲೇ ನಿಂತಿದ್ದರೆ ಎಚ್ಚರಿಕೆ. ಇದರಿಂದ ಏನು ಬದಲಾಗುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಒಬ್ಬ ಹೆಂಗಸಿಗೆ ಬೆಳಿಗ್ಗೆ 6ಕ್ಕೆ ಒಳಪರೀಕ್ಷೆಯಲ್ಲಿ 5 ಸೆಂ.ಮೀ., 10ಕ್ಕೆ 6, ಮಧ್ಯಾಹ್ನ 2ಕ್ಕೆ 8. ಹಳೆಯ ಹಾಳೆಯಲ್ಲಿ 10 ಗಂಟೆಗೇ ಎಚ್ಚರಿಕೆಯ ಗೆರೆ ದಾಟಿದ್ದಾಳೆ, 2 ಗಂಟೆಯ ಹೊತ್ತಿಗೆ ಎರಡನೇ ಗೆರೆಯನ್ನೂ ದಾಟಿದ್ದಾಳೆ. ಅಲ್ಲಿಂದ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಇಲ್ಲವೇ ಆಪರೇಷನ್ ಮಾತು ಶುರು. ಹೊಸ ಹಾಳೆಯಲ್ಲಿ ಅದೇ ಹೆಂಗಸಿಗೆ ಒಂದೂ ಎಚ್ಚರಿಕೆ ಇಲ್ಲ. ತಾಯಿ ಮಗು ಚೆನ್ನಾಗಿದ್ದರೆ ಕಾಯುವುದು.

ಇಲ್ಲೇ ಒಂದು ತೊಡಕೂ ಇದೆ. ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಎನ್ನುವುದು ನಿಯಮ. ಅದೇ ಹೆಂಗಸಿಗೆ ಮುಂದಿನ ಪರೀಕ್ಷೆ ಸಂಜೆ 6ಕ್ಕೆ ಬರುತ್ತದೆ, ಆದರೆ 8 ಸೆಂ.ಮೀ.ನ ಎರಡೂವರೆ ಗಂಟೆ ನಾಲ್ಕೂವರೆಗೇ ಮುಗಿಯುತ್ತದೆ. ಅಂದರೆ 7ರಿಂದ ಮೇಲಿನ ಮಿತಿಗಳು ಪರೀಕ್ಷೆಯ ಅಂತರಕ್ಕಿಂತ ಚಿಕ್ಕವು. ನಿಯಮವನ್ನು ಅಕ್ಷರಶಃ ಹಿಡಿದವರು ಎಚ್ಚರಿಕೆಯನ್ನು ಒಂದೂವರೆ ಗಂಟೆ ತಡವಾಗಿ ನೋಡುತ್ತಾರೆ. ಗರ್ಭಕಂಠ ಎಷ್ಟು ತೆರೆದಿದೆ ಎಂದು ಎಕ್ಸ್ ಗುರುತು ಹಾಕಿದ ಕೂಡಲೇ ಆ ಸೆಂಟಿಮೀಟರಿನ ಮಿತಿ ಮುಗಿಯುವ ಸಮಯವನ್ನು ಯೋಜನೆಯ ಮನೆಯಲ್ಲಿ (ಹಾಳೆಯ ಕೊನೆಯ ಭಾಗದ ಚೌಕದಲ್ಲಿ) ಬರೆದಿಟ್ಟುಕೊಳ್ಳುವುದೊಂದೇ ಇದಕ್ಕೆ ದಾರಿ. ಹೊಟ್ಟೆ ಮುಟ್ಟಿ ನೋಡಿದರೆ ತಲೆ ಇಳಿಯುತ್ತಿದೆ, ನೋವು ಜೋರಾಗುತ್ತಿದೆ ಎಂದಾದರೆ ಆ ಹೊತ್ತಿಗೆ ಮತ್ತೆ ಕೈ ಹಾಕಬೇಕೆಂದಿಲ್ಲ. ಆದರೆ ಆ ನಿರ್ಧಾರ ಹಾಳೆಯ ಮೇಲೆ ಕಾಣಬೇಕು. ಇನ್ನೊಂದು ಮಾತು: ಐದೂ ಮಿತಿಗಳನ್ನು ಕೂಡಿದರೆ ಹದಿನೆಂಟೂವರೆ ಗಂಟೆ, ಹಾಳೆಯಲ್ಲಿ ಈ ಹಂತಕ್ಕೆ ಇರುವ ಜಾಗ 12 ಗಂಟೆ. ಪ್ರತಿ ಮಿತಿಯೂ ಆಯಾ ಸೆಂಟಿಮೀಟರಿನ ಕೊನೆಯ ಅಂಚು. ಎಲ್ಲ ಅಂಚನ್ನೂ ಒಬ್ಬಳೇ ಮುಟ್ಟಿದರೂ ಪರವಾಗಿಲ್ಲ ಎಂಬ ಪರವಾನಗಿ ಅಲ್ಲ. ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ.

ಹಾಳೆಯಲ್ಲಿ ಒಟ್ಟು ಏಳು ಭಾಗ. ಮೊದಲನೆಯದು ದಾಖಲಾತಿ ವಿವರ. ಆಮೇಲೆ ಕ್ರಮವಾಗಿ ಆರೈಕೆ, ಮಗು, ತಾಯಿ, ಹೆರಿಗೆಯ ಪ್ರಗತಿ, ಔಷಧಿ, ಕೊನೆಗೆ ತಾಯಿಯ ಜೊತೆ ಕೂಡಿ ಮಾಡಿದ ತೀರ್ಮಾನ. ಪಕ್ಕದಲ್ಲಿ ಎಚ್ಚರಿಕೆಯ ಕಾಲಂ: ಮಗುವಿನ ಎದೆಬಡಿತ 110ಕ್ಕಿಂತ ಕಡಿಮೆ ಅಥವಾ 160 ಮತ್ತು ಮೇಲೆ, ತಾಯಿಯ ನಾಡಿ 60ಕ್ಕಿಂತ ಕಡಿಮೆ ಅಥವಾ 120 ಮತ್ತು ಮೇಲೆ, ಮೇಲಿನ ಬಿಪಿ 80ಕ್ಕಿಂತ ಕಡಿಮೆ ಅಥವಾ 140 ಮತ್ತು ಮೇಲೆ, ಕೆಳಗಿನದು 90 ಮತ್ತು ಮೇಲೆ, ಜ್ವರ 37.5, ಹತ್ತು ನಿಮಿಷಕ್ಕೆ ನೋವು ಎರಡು ಅಥವಾ ಅದಕ್ಕೂ ಕಡಿಮೆ, ಇಲ್ಲವೇ ಐದಕ್ಕಿಂತ ಹೆಚ್ಚು. ಮಿತಿ ಮೀರಿದ ಅಂಕಿಗೆ ಸುತ್ತು ಹಾಕಬೇಕು. ಉಳಿದದ್ದನ್ನು ಹಾಳೆ ಓದುವವರ ಕಣ್ಣು ತಾನೇ ಹುಡುಕಿಕೊಳ್ಳುತ್ತದೆ. ಪಾಳಿ ಬದಲಾಗುವಾಗ ಎರಡು ನಿಮಿಷದಲ್ಲಿ ಇಡೀ ಕಥೆ ಗೊತ್ತಾಗುವುದು ಈ ಸುತ್ತುಗಳಿಂದ.

ಈ ಹಾಳೆಯ ಜೀವ ಇರುವುದು ಎರಡನೇ ಭಾಗದಲ್ಲಿ. ನಾಲ್ಕೇ ಸಾಲು: ಜೊತೆಗೆ ಯಾರಾದರೂ ಇದ್ದಾರೆಯೇ, ನೋವಿಗೆ ಉಪಶಮನ ಸಿಕ್ಕಿತೇ, ಏನಾದರೂ ಕುಡಿದಳೇ, ಯಾವ ಭಂಗಿಯಲ್ಲಿದ್ದಾಳೆ. ಜೊತೆಗಾರರಿಲ್ಲ ಎಂದು ಎನ್ ಬರೆದರೆ ಅದಕ್ಕೂ ಸುತ್ತು. ಅಂಗಾತ ಮಲಗಿದ್ದಾಳೆ ಎಂದು ಎಸ್‌ಪಿ ಬರೆದರೆ ಅದಕ್ಕೂ ಸುತ್ತು. ತಾಯಿಯ ಬಿಪಿ ಏರಿದ್ದಕ್ಕೂ ಅವಳು ಒಬ್ಬಳೇ ಇರುವುದಕ್ಕೂ ಒಂದೇ ಗುರುತು! ಹಳೆಯ ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಇದು ಬರೀ ಸೌಜನ್ಯದ ಮಾತಲ್ಲ. ಹೆರಿಗೆಯುದ್ದಕ್ಕೂ ಜೊತೆಗೊಬ್ಬರಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ ಎಂದು 15,000ಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳನ್ನು ಒಟ್ಟುಹಾಕಿದ 2017ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಆದರೆ ಜೊತೆಗಾರರನ್ನು ಒಳಗೆ ಬಿಡದ ವಾರ್ಡಿನಲ್ಲಿ ಈ ಸಾಲು ದಿನವಿಡೀ ಎನ್, ಎನ್, ಎನ್. ವಾರ ಕಳೆಯುವಷ್ಟರಲ್ಲಿ ಸುತ್ತು ಹಾಕುವುದೂ ನಿಂತುಹೋಗುತ್ತದೆ. ಆಮೇಲೆ ಎದೆಬಡಿತದ ಸುತ್ತಿಗೂ ಬೆಲೆ ಉಳಿಯುವುದಿಲ್ಲ. ಹಾಸಿಗೆಗಳ ನಡುವೆ ಪರದೆ, ಜೊತೆಗಾರರಿಗೆ ಒಂದು ಕುರ್ಚಿ, ಬಾಗಿಲಲ್ಲಿ ಅನುಮತಿ, ಇವು ಮೊದಲು, ಹಾಳೆ ಆಮೇಲೆ.

ಇನ್ನು ಕೈಗಳ ಲೆಕ್ಕ. ಮೊದಲ ಹಂತದಲ್ಲಿ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಬೇಕು: ಕನಿಷ್ಠ ಒಂದು ಪೂರ್ತಿ ನಿಮಿಷ, ನೋವು ಬಂದು ಹೋಗುವಾಗಲೂ ಹೋದ ಮೇಲೂ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನೋವಿನ ನಂತರ ಬಡಿತ ಇಳಿಯುವುದು ಕಾಣುವುದೇ ಇಲ್ಲ. ಹಾಳೆಯಲ್ಲಿ ಎಲ್ (ತಡವಾಗಿ ಇಳಿಯಿತು) ಎಂದು ಬರೆಯಬೇಕಾದದ್ದು ಎನ್ (ಇಳಿಕೆ ಇಲ್ಲ) ಆಗಿ ಉಳಿಯುತ್ತದೆ. ನೋವು ಎಣಿಸಲು ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಮಿಷ ಕೂರಬೇಕು. ಬರೆಯಲು ಎರಡು ನಿಮಿಷ. ಒಬ್ಬಳಿಗೆ ಹದಿಮೂರು ನಿಮಿಷ, ಇಬ್ಬರಿಗೆ ಇಪ್ಪತ್ತಾರು. ಅರ್ಧ ಗಂಟೆಯಲ್ಲಿ ಉಳಿಯುವುದು ನಾಲ್ಕು. ಮೂರನೆಯವಳಿಗೆ ಸಮಯವೇ ಇಲ್ಲ. ಇಬ್ಬರಲ್ಲಿ ಒಬ್ಬಳು ಮುಕ್ಕಲು ಶುರುಮಾಡಿದರೆ ಎದೆಬಡಿತ ಐದು ನಿಮಿಷಕ್ಕೊಮ್ಮೆ, ಅಂದರೆ ಇನ್ನೊಬ್ಬಳ ಹತ್ತಿರ ಹೋಗುವ ಹಾಗೇ ಇಲ್ಲ. ಬಿಪಿ, ಬಾಟಲಿ ಬದಲಾಯಿಸುವುದು, ಫೋನು, ಹೊಸದಾಗಿ ಬಂದವರ ದಾಖಲಾತಿ ಯಾವುದನ್ನೂ ಇದರಲ್ಲಿ ಸೇರಿಸಿಲ್ಲ. ಒಬ್ಬ ಮಿಡ್‌ವೈಫ್ ಕೈಯಲ್ಲಿ ನಾಲ್ಕು ಹಾಳೆ ಪೂರ್ತಿ ತುಂಬಿದ್ದರೆ ಮೆಚ್ಚುವ ಮೊದಲು ಅನುಮಾನಿಸಬೇಕು.

ಹಾಳೆಯ ವಿಮರ್ಶೆಯಲ್ಲಿ ಸಿಬ್ಬಂದಿ ಕೆಲಸ ಬಿಡುವ ಮಾತು ಯಾಕೆ ಎನ್ನುವವರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. 2018ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯ ಬ್ರಿಟನ್ನಿನ ಸುಮಾರು 2,000 ಮಿಡ್‌ವೈಫ್‌ಗಳನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಹಿಂದಿನ ಆರು ತಿಂಗಳಲ್ಲಿ ವೃತ್ತಿ ಬಿಡುವ ಯೋಚನೆ ಮಾಡಿದ್ದರು. ಮುಖ್ಯ ಕಾರಣ ಎರಡು: ಸಿಬ್ಬಂದಿ ಕೊರತೆ, ಮತ್ತು ತಾವು ಕೊಡಬೇಕೆಂದ ಆರೈಕೆ ಕೊಡಲಾಗುತ್ತಿಲ್ಲ ಎಂಬ ಕೊರಗು. ಈ ಎರಡನೆಯದನ್ನು ಆಡಳಿತದವರು ಹೆಚ್ಚಾಗಿ ಕೇಳಿಸಿಕೊಳ್ಳುವುದಿಲ್ಲ. ಮಾಡಲಾಗದ ಕೆಲಸವನ್ನು ಮಾಡಿದೆ ಎಂದು ಅರ್ಧ ಗಂಟೆಗೊಮ್ಮೆ ಸಹಿ ಹಾಕಿಸುವ ಹಾಳೆ ಆ ಕೊರಗನ್ನು ಹೆಚ್ಚಿಸುತ್ತದೆ. ಅದೇ ಹಾಳೆ ಸರಿಯಾದ ಕಡೆ ಸಿಬ್ಬಂದಿಯ ಪರ ಸಾಕ್ಷಿಯೂ ಆಗಬಲ್ಲದು. ನೋಡಲು ಆಗದ ಹೊತ್ತಿನ ಮನೆಯನ್ನು ಖಾಲಿ ಬಿಡಿ, ಸುಳ್ಳು ಅಂಕಿ ಬೇಡ ಎಂದು ಮುಖ್ಯಸ್ಥರು ಬಾಯಿಬಿಟ್ಟು ಹೇಳಬೇಕು. ತಿಂಗಳ ಕೊನೆಗೆ ಯಾವ ಪಾಳಿಯಲ್ಲಿ ಎಷ್ಟು ಮನೆ ಖಾಲಿ ಎಂದು ಎಣಿಸಿದರೆ, ಎಲ್ಲಿಗೆ ಎಷ್ಟು ಜನ ಬೇಕು ಎನ್ನುವ ಪಟ್ಟಿ ತಾನಾಗಿಯೇ ಸಿಗುತ್ತದೆ. ಖಾಲಿ ಮನೆಗೆ ಮೆಮೊ ಕೊಟ್ಟರೆ ಮರುದಿನದಿಂದ ಎಲ್ಲರದೂ 140.

ಏಳನೇ ಭಾಗವೂ ಇದೇ ಕಾರಣಕ್ಕೆ ಮುಖ್ಯ. ಅಲ್ಲಿ ಮಿಡ್‌ವೈಫ್ ತನ್ನ ಅಂದಾಜು ಬರೆದು, ತಾಯಿಯ ಜೊತೆ ಮಾತಾಡಿ ಒಪ್ಪಿದ ಯೋಜನೆ ಬರೆದು, ಹೆಸರಿನ ಮೊದಲಕ್ಷರ ಹಾಕುತ್ತಾಳೆ. ಬರೀ ಅಂಕಿ ಗುಮಾಸ್ತಿಕೆ ಅಲ್ಲ, ತೀರ್ಮಾನವೂ ಅವಳದೇ ಎಂದಾಯಿತು. ನಿಜವಾಗಿ ಆಗುವುದೇನು? ಮನೆ ಚಿಕ್ಕದು, ಹೊತ್ತು ಕಡಿಮೆ, ಆದ್ದರಿಂದ ಮೇಲಿಂದ ಕೆಳಗೆ 'ಮುಂದುವರಿಸಿ' ಎಂಬ ಒಂದೇ ಪದ. ಸುತ್ತು ಹಾಕಿದ ಅಂಕಿಯ ಕೆಳಗೂ 'ಮುಂದುವರಿಸಿ' ಇದ್ದರೆ ಆ ಹಾಳೆ ಕೆಲಸ ಮಾಡಿಲ್ಲ. ಯೋಜನೆ ಹೀಗಿರಲಿ: 'ಎಡಕ್ಕೆ ಮಲಗಿಸಿದೆ, ಡ್ರಿಪ್ ನಿಲ್ಲಿಸಿದೆ, 10 ನಿಮಿಷಕ್ಕೆ ಮತ್ತೆ ಕೇಳುವೆ, ಡಾಕ್ಟರಿಗೆ ತಿಳಿಸಿದೆ.' ಏನು ಮಾಡಿದ್ದು, ಮತ್ತೆ ನೋಡುವುದು ಯಾವಾಗ, ಯಾರಿಗೆ ಹೇಳಿದ್ದು, ಮೂರೂ ಬಂತು.

ಸಿಸೇರಿಯನ್ ಕಡಿಮೆಯಾಗುತ್ತದೆಯೇ? ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಾಯೋಗಿಕ ಅಧ್ಯಯನದಲ್ಲಿ, ತಾನಾಗಿ ನೋವು ಬಂದ ಚೊಚ್ಚಲ ಹೆರಿಗೆಗಳಲ್ಲಿ ಸಿಸೇರಿಯನ್ 45.2%ರಿಂದ 39.7%ಕ್ಕೆ ಇಳಿಯಿತು. ಆದರೆ ಅಧ್ಯಯನ ಚಿಕ್ಕದು, ಈ ಇಳಿಕೆ ಹಾಳೆಯಿಂದಲೇ ಎಂದು ಖಚಿತವಾಗಿ ಹೇಳಲು ಅದರ ಅಂಕಿಗಳು ಸಾಲವು. ನಾರ್ವೆಯ 14 ಕಡೆ 7,277 ಚೊಚ್ಚಲ ಹೆರಿಗೆಗಳಲ್ಲಿ ಹಳೆಯ ಪಾರ್ಟೋಗ್ರಾಫನ್ನು ಗರ್ಭಕಂಠ ನಿಧಾನವಾಗಿಯೂ ತೆರೆಯಬಹುದೆನ್ನುವ ಸಂಶೋಧಕ ಜಾಂಗ್ ಅವರ ಲೆಕ್ಕದ ಜೊತೆ ಹೋಲಿಸಿದ 2019ರ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಅಲ್ಲಿ ಪರೀಕ್ಷಿಸಿದ್ದು ಈ ಹಾಳೆಯನ್ನಲ್ಲ, ಆದರೆ ಯೋಚನೆ ಹತ್ತಿರದ್ದು. ಎರಡು ಗುಂಪಿನ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಅಧ್ಯಯನಕ್ಕೆ ಮೊದಲಿಗಿಂತ ಸಿಸೇರಿಯನ್ ಮಾತ್ರ ಎರಡೂ ಕಡೆ ಇಳಿದಿತ್ತು: ಹಳೆಯ ಹಾಳೆಯ ಕಡೆ 9.5ರಿಂದ 5.9%ಕ್ಕೆ, ಹೊಸ ಲೆಕ್ಕದ ಕಡೆ 9.3ರಿಂದ 6.8%ಕ್ಕೆ. ಹೆರಿಗೆಯ ಪ್ರಗತಿಯನ್ನು ಎಲ್ಲರೂ ಹತ್ತಿರದಿಂದ ಗಮನಿಸತೊಡಗಿದ್ದೇ ಕೆಲಸ ಮಾಡಿತು ಎಂದು ಓದುವುದು ಸರಿ ಎನಿಸುತ್ತದೆ.

ಈ ಹಾಳೆಯನ್ನು ತಮ್ಮ ಆಸ್ಪತ್ರೆಗೆ ತರುವವರಿಗೆ ಕೆಲವು ಮಾತು. ಎ4ರಲ್ಲಿ ಮುದ್ರಿಸಿದರೆ ಮನೆಗಳು ಇರುವೆ ಹೆಜ್ಜೆಯಷ್ಟು, ರಾತ್ರಿ ಪಾಳಿಯ ಬೆಳಕಿನಲ್ಲಿ ಪ್ಲಸ್ ಗುರುತು ಒಂದೋ ಮೂರೋ ತಿಳಿಯದು, ಎ3 ಹಾಕಿಸಿ. ಹಳೆಯ ಪಾರ್ಟೋಗ್ರಾಫ್, ಕೇಸ್ ಶೀಟ್, ಮೊಬೈಲ್ ಆಪ್ ಮೂರನ್ನೂ ಇಟ್ಟುಕೊಂಡು ನಾಲ್ಕನೆಯದಾಗಿ ಇದನ್ನು ಸೇರಿಸಬೇಡಿ. ಮೊದಲ ದಿನವೇ ಒಂದನ್ನಾದರೂ ತೆಗೆಯಿರಿ. 5 ಸೆಂ.ಮೀ. ಆಗುವ ಮೊದಲೇ ಹಾಳೆ ತೆರೆದರೆ ಸುಳ್ಳು ಎಚ್ಚರಿಕೆ, ಅದರ ಹಿಂದೆಯೇ ಬೇಡದ ಡ್ರಿಪ್. ಡಾಕ್ಟರುಗಳಿಗೂ ಮಿಡ್‌ವೈಫ್‌ಗಳಿಗೂ ಒಟ್ಟಿಗೆ ಕಲಿಸಿ. ಒಬ್ಬರು ಹೊಸ ಮಿತಿಯಲ್ಲಿ ಕಾಯುತ್ತಿರುವಾಗ ಇನ್ನೊಬ್ಬರು ಬಂದು ಹಳೆಯ ಗೆರೆಯ ಲೆಕ್ಕದಲ್ಲಿ ಗದರಿದರೆ ಹಾಳೆ ಅಂದೇ ಮೂಲೆ ಸೇರುತ್ತದೆ.

ದೊಡ್ಡ ಕೊರತೆ ಒಂದು: ಹಾಳೆ ಮಗು ಹುಟ್ಟುವಲ್ಲಿಗೆ ನಿಲ್ಲುತ್ತದೆ. ರಕ್ತಸ್ರಾವದ ಅಪಾಯ ಶುರುವಾಗುವುದೇ ಅಲ್ಲಿಂದ. ಕಣ್ಣಂದಾಜಿನಲ್ಲಿ ರಕ್ತ ಎಷ್ಟು ಹೋಯಿತೆಂದು ಹೇಳುವುದು ನಂಬುವಂಥದ್ದಲ್ಲ. ಆಫ್ರಿಕಾದ 4 ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ, ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಹಾಸು ಬಳಸಿ ಬೇಕಾದ ಚಿಕಿತ್ಸೆಗಳನ್ನೆಲ್ಲ ಕೂಡಲೇ ಒಟ್ಟಿಗೆ ಕೊಟ್ಟ ಕಡೆ ಅತಿ ರಕ್ತಸ್ರಾವ ಪತ್ತೆಯಾದದ್ದು 93.1%, ಮಾಮೂಲಿ ಪದ್ಧತಿಯಲ್ಲಿ 51.1%. ಹಾಗಾಗಿ ಈ ಹಾಳೆಯ ಬೆನ್ನಿಗೆ ಹೆರಿಗೆಯ ನಂತರದ ಗಂಟೆಗಳಿಗೆ ಇನ್ನೊಂದು ಪಟ್ಟಿ ಮುದ್ರಿಸಿಕೊಳ್ಳಿ: ಹದಿನೈದು ನಿಮಿಷಕ್ಕೊಮ್ಮೆ ಹಾಸಿನಲ್ಲಿ ಕಂಡ ರಕ್ತ, ನಾಡಿ, ಬಿಪಿ, ಗರ್ಭಕೋಶ ಗಟ್ಟಿಯಾಗಿದೆಯೇ. 300 ಮಿ.ಲೀ. ಜೊತೆಗೆ ನಾಡಿ ಅಥವಾ ಬಿಪಿ ಕೆಟ್ಟಿದ್ದರೆ, ಇಲ್ಲವೇ 500 ಮಿ.ಲೀ. ಮುಟ್ಟಿದರೆ, ಇಲ್ಲೂ ಅದೇ ಸುತ್ತು.