ಫೈಬರ್‌ನಿಂದ ಫೈಬರ್‌ಗೆ: ಐದು ಬಗೆಯ ಫೋಟಾನಿಕ್ ಚಿಪ್‌ಗಳನ್ನು ಒಂದೇ ಮೇಜಿನ ಮೇಲೆ ಅಳೆದಾಗ

ಬೆಳಕನ್ನು ಹರಿಸಿ ಕೆಲಸ ಮಾಡುವ ಫೋಟಾನಿಕ್ ಚಿಪ್ ಮಾಡಲು ಯಾವ ವಸ್ತು ಒಳ್ಳೆಯದು ಎಂದು ಕೇಳುವವರು ಸಾಮಾನ್ಯವಾಗಿ ಒಂದೇ ಅಂಕಿಯನ್ನು ಹುಡುಕುತ್ತಾರೆ: ಒಂದು ಸೆಂಟಿಮೀಟರ್ ವೇವ್‌ಗೈಡ್‌ನಲ್ಲಿ, ಅಂದರೆ ಚಿಪ್‌ನೊಳಗೆ ಬೆಳಕು ಸಾಗುವ ಸಣ್ಣ ದಾರಿಯಲ್ಲಿ, ಬೆಳಕು ಎಷ್ಟು ಡೆಸಿಬೆಲ್ ನಷ್ಟವಾಗುತ್ತದೆ ಎಂಬುದನ್ನು. (3 ಡೆಸಿಬೆಲ್ ಹೋದರೆ ಸುಮಾರು ಅರ್ಧ ಬೆಳಕು, 10 ಹೋದರೆ ಹತ್ತರಲ್ಲೊಂದು ಪಾಲು ಉಳಿಯುತ್ತದೆ.) ಮೊದಮೊದಲು ನಾನೂ ಹಾಗೆಯೇ ಹುಡುಕುತ್ತಿದ್ದೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಿಲಿಕಾ, ಸಿಲಿಕಾನ್ ಮತ್ತು ಸಿಲಿಕಾನ್ ನೈಟ್ರೈಡ್ ಚಿಪ್‌ಗಳನ್ನು ಹೆಚ್ಚು ಕಡಿಮೆ ನಿತ್ಯವೂ, ಇಂಡಿಯಂ ಫಾಸ್ಫೈಡ್ ಮತ್ತು ತೆಳುಪದರದ ಲಿಥಿಯಂ ನಯೋಬೇಟ್ ಚಿಪ್‌ಗಳನ್ನು ಆಗೊಮ್ಮೆ ಈಗೊಮ್ಮೆಯೂ ಅಳೆಯುತ್ತ ಬಂದ ಮೇಲೆ, ಫೈಬರ್ ಸಂಪರ್ಕದ ಕೆಲಸದಲ್ಲಿ ಆ ಅಂಕಿಯನ್ನು ಕೊನೆಯಲ್ಲಿ ನೋಡಿದರೂ ನಡೆಯುತ್ತದೆ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಫೈಬರ್‌ನಲ್ಲಿ ಬಂದ ಬೆಳಕು ಚಿಪ್‌ನೊಳಕ್ಕೆ ಹೇಗೆ ಇಳಿಯುತ್ತದೆ, ಕೋಣೆಯ ಬಿಸಿ ಏರಿದಾಗ ಚಿಪ್ ಎಷ್ಟು ಸರಿಯುತ್ತದೆ, ಧ್ರುವೀಕರಣ, ಅಂದರೆ ಬೆಳಕು ಕಂಪಿಸುವ ದಿಕ್ಕು, ಬದಲಾದರೆ ಅದು ಎಷ್ಟು ಸಹಿಸುತ್ತದೆ ಎಂಬ ಮೂರು ಸಂಗತಿಗಳೇ ನನ್ನ ಮೇಜಿನ ಮೇಲೆ ಪ್ರತಿ ಸಲವೂ ತೀರ್ಪು ಕೊಟ್ಟಿವೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಎಲ್ಲಕ್ಕೂ ಒಂದೇ ಕೆಲಸ ಕೊಡಬೇಕು. ನಾನು ಮೊದಲ ಮೂರಕ್ಕೂ ಕೊಟ್ಟ ಕೆಲಸವೆಂದರೆ, 1550 ನ್ಯಾನೊಮೀಟರ್ ಸುತ್ತಮುತ್ತ 100 ಗಿಗಾಹರ್ಟ್ಸ್ ಅಂತರದಲ್ಲಿ, ಅಂದರೆ ಸುಮಾರು 0.8 ನ್ಯಾನೊಮೀಟರ್‌ಗೊಂದರಂತೆ, ಸಾಲಾಗಿ ಬರುವ ಚಾನೆಲ್‌ಗಳಲ್ಲಿ, ಅಂದರೆ ಬೇರೆ ಬೇರೆ ತರಂಗಾಂತರದ ಬೆಳಕುಗಳಲ್ಲಿ, ಒಂದನ್ನು ಬೇರ್ಪಡಿಸಿ ಇನ್ನೊಂದು ಫೈಬರ್‌ಗೆ ದಾಟಿಸುವುದು. ಸಿಲಿಕಾದಲ್ಲಿ ಈ ಕೆಲಸವನ್ನು ಮಾಡುವುದು ಅರೇಡ್ ವೇವ್‌ಗೈಡ್ ಗ್ರೇಟಿಂಗ್, ಅಂದರೆ ಉದ್ದದಲ್ಲಿ ಒಂದಕ್ಕಿಂತ ಒಂದು ತುಸು ಹೆಚ್ಚಾದ ವೇವ್‌ಗೈಡ್‌ಗಳ ಸಾಲು. ನೆದರ್ಲೆಂಡ್ಸ್‌ನ ಮೈಂಟ್ ಸ್ಮಿಟ್ 1988ರಲ್ಲಿ ಮುಂದಿಟ್ಟ ಕಲ್ಪನೆ ಅದು. ಸಿಲಿಕಾನ್ ಮತ್ತು ನೈಟ್ರೈಡ್‌ಗಳಲ್ಲಿ ತನಗೆ ಹೊಂದುವ ತರಂಗಾಂತರವನ್ನಷ್ಟೇ ಹಿಡಿಯುವ ಉಂಗುರದಾಕಾರದ ವೇವ್‌ಗೈಡ್ ಸಾಕು. ಲೇಸರ್, ಪವರ್ ಮೀಟರ್, ಸೂಕ್ಷ್ಮದರ್ಶಕ ಎಲ್ಲಕ್ಕೂ ಅವೇ.

ಮೊದಲು ಬೆಳಕನ್ನು ಇಳಿಸುವ ವಿಷಯ. ಸಾಮಾನ್ಯ ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕಿನ ಚುಕ್ಕೆಯ ವ್ಯಾಸ 1550 ನ್ಯಾನೊಮೀಟರ್‌ನಲ್ಲಿ ಸುಮಾರು 10.4 ಮೈಕ್ರಾನ್. ಸಿಲಿಕಾನ್ ವೇವ್‌ಗೈಡ್‌ನ ಅಗಲ ಸುಮಾರು 450 ನ್ಯಾನೊಮೀಟರ್, ದಪ್ಪ 220 ನ್ಯಾನೊಮೀಟರ್. ಸಿಲಿಕಾನ್‌ನ ವಕ್ರೀಭವನ ಸೂಚ್ಯಂಕ 3.48, ಅದನ್ನು ಸುತ್ತುವರಿದ ಗಾಜಿನದು 1.44, ಈ ದೊಡ್ಡ ಅಂತರವೇ ಬೆಳಕನ್ನು ಅಷ್ಟು ಇಕ್ಕಟ್ಟಿನಲ್ಲಿ ಹಿಡಿದಿಟ್ಟು, 5 ಮೈಕ್ರಾನ್ ತ್ರಿಜ್ಯದ ತಿರುವಿನಲ್ಲೂ ಚೆಲ್ಲದಂತೆ ಕರೆದೊಯ್ಯುತ್ತದೆ. ಆದರೆ ಆ ಇಕ್ಕಟ್ಟಿಗೆ ಫೈಬರ್‌ನ ಬೆಳಕನ್ನು ತುಂಬುವುದೇ ಕಷ್ಟ. ಅದಕ್ಕಾಗಿ ಚಿಪ್‌ನ ಮೇಲ್ಮೈಯಲ್ಲಿ ಗೀರುಗಳ ಸಾಲೊಂದನ್ನು ಕೊರೆದು, ಫೈಬರ್ ಅನ್ನು ಸುಮಾರು 10 ಡಿಗ್ರಿ ಓರೆಯಾಗಿ ಅದರ ಮೇಲೆ ನಿಲ್ಲಿಸುತ್ತೇವೆ. ಇದೇ ಗ್ರೇಟಿಂಗ್ ಕಪ್ಲರ್. ಮೊದಲ ದಿನ ಈ ಕೆಲಸಕ್ಕೆ ಕುಳಿತಾಗ ಮೀಟರ್ ಬರಿಯ ಗದ್ದಲವನ್ನೇ ತೋರಿಸುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಫೈಬರ್‌ನ ತುದಿ ಮತ್ತು ಚಿಪ್‌ನಲ್ಲಿ ಕಾಣುವ ಅದರ ಪ್ರತಿಬಿಂಬ ಇನ್ನೇನು ಒಂದನ್ನೊಂದು ಮುಟ್ಟುತ್ತವೆ ಎನ್ನುವಷ್ಟು ಕೆಳಗಿಳಿಸಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಂತೆ, ಮೈನಸ್ 60ರಲ್ಲಿದ್ದ ಅಂಕಿ ಒಮ್ಮೆಲೇ ಮೈನಸ್ 30ಕ್ಕೆ ಜಿಗಿದು, ಹತ್ತು ನಿಮಿಷದ ನಂತರ ಮೈನಸ್ 11.5ರಲ್ಲಿ ನಿಂತಿತು. ಲೇಸರ್‌ನಿಂದ ಹೊರಟದ್ದು ಒಂದು ಮಿಲಿವಾಟ್, ಅಂದರೆ ಮೀಟರ್‌ನ ಅಳತೆಯಾದ ಡಿಬಿಎಂನಲ್ಲಿ ಸೊನ್ನೆ. ಹಾಗಾಗಿ ಒಟ್ಟು ನಷ್ಟ 11.5 ಡೆಸಿಬೆಲ್, ಅದರಲ್ಲಿ ಒಂದು ಸೆಂಟಿಮೀಟರ್ ವೇವ್‌ಗೈಡ್‌ನ ಪಾಲು 2.5 ಮಾತ್ರ, ಉಳಿದ 9 ಡೆಸಿಬೆಲ್ ಹತ್ತುವ ಮತ್ತು ಇಳಿಯುವ ಎರಡು ಬಾಗಿಲುಗಳಲ್ಲಿ ಹೋಯಿತು.

ಈ 11.5 ಎಂಬುದು ಎಷ್ಟು ದೊಡ್ಡದು ಎಂದು ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಹೇಳಲು ನಾನು ಮೈಸೂರು ರಸ್ತೆಯನ್ನು ಅಳತೆಗೋಲು ಮಾಡಿಕೊಂಡಿದ್ದೇನೆ. ಒಳ್ಳೆಯ ಫೈಬರ್‌ನಲ್ಲಿ ಒಂದು ಕಿಲೋಮೀಟರ್‌ಗೆ ಆಗುವ ನಷ್ಟ ಸುಮಾರು 0.2 ಡೆಸಿಬೆಲ್. ಅಂದರೆ ಉಗುರಿನಷ್ಟು ದೊಡ್ಡ ಸಿಲಿಕಾನ್ ಚಿಪ್ ಒಂದನ್ನು ದಾಟುವಷ್ಟರಲ್ಲಿ ಕಳೆದುಕೊಂಡ ಬೆಳಕು, ಬೆಂಗಳೂರಿನಿಂದ ಹೊರಟು ರಾಮನಗರ ದಾಟಿ ಚನ್ನಪಟ್ಟಣ ಹತ್ತಿರವಾಗುವವರೆಗೆ, ಸುಮಾರು 57 ಕಿಲೋಮೀಟರ್ ಫೈಬರ್‌ನಲ್ಲಿ ಕಳೆದುಕೊಳ್ಳುವಷ್ಟಾಯಿತು. ಇದೇ ಲೆಕ್ಕದಲ್ಲಿ, ತುದಿಯನ್ನು ಮಸೂರದಂತೆ ಚೂಪಾಗಿಸಿದ ಫೈಬರ್‌ಗಳನ್ನು ಎರಡೂ ಅಂಚುಗಳಿಗೆ ತಂದು ಅಳೆದ ನೈಟ್ರೈಡ್ ಚಿಪ್ 3.2 ಡೆಸಿಬೆಲ್ ಕೊಟ್ಟಿತು, ಅಂದರೆ ಕೆಂಗೇರಿಯ ಆಸುಪಾಸಿನ ದೂರ. ಸಿಲಿಕಾ ಚಿಪ್‌ನ ವೇವ್‌ಗೈಡ್ ಹಲವು ಸೆಂಟಿಮೀಟರ್ ಉದ್ದವಿದ್ದರೂ, ಫಿಲ್ಟರ್‌ನದೇ ನಷ್ಟವನ್ನು ಬದಿಗಿಟ್ಟು ಪಕ್ಕದ ನೇರ ವೇವ್‌ಗೈಡ್ ಅನ್ನು ಅಳೆದಾಗ ಒಂದು ಡೆಸಿಬೆಲ್ ಕೂಡ ತುಂಬಲಿಲ್ಲ. ಅದು ಊರಿನೊಳಗಿನ ಪ್ರಯಾಣ.

ಸಿಲಿಕಾ ಇಲ್ಲಿ ಗೆಲ್ಲುವುದಕ್ಕೆ ಕಾರಣ ಸರಳವಾದದ್ದು. ಅದರ ಒಡಲೂ ಹೊದಿಕೆಯೂ ಫೈಬರ್‌ನಂತೆಯೇ ಗಾಜು, ಸೂಚ್ಯಂಕದ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ, ಬೆಳಕಿನ ಚುಕ್ಕೆಯ ಗಾತ್ರ ಫೈಬರ್‌ನದಕ್ಕೆ ಹತ್ತಿರ. ವಿ ಆಕಾರದ ತೋಡುಗಳಲ್ಲಿ ಕೂರಿಸಿದ ಫೈಬರ್ ಸಾಲನ್ನು ಅಂಚಿಗೆ ತಂದು, ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು ಹಾಕಿದರೆ ಕೆಲಸ ಮುಗಿಯಿತು, ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಮನೆಗೆ ಫೈಬರ್ ಇಂಟರ್‌ನೆಟ್ ತರುವ ದಾರಿಯ ಡಬ್ಬಿಗಳಲ್ಲಿ ಇರುವ 1ಕ್ಕೆ 32ರ ಸ್ಪ್ಲಿಟರ್, ಅಂದರೆ ಒಂದು ಫೈಬರ್‌ನ ಬೆಳಕನ್ನು ಮೂವತ್ತೆರಡಕ್ಕೆ ಹಂಚುವ ಸಾಧನ, ಸಾಮಾನ್ಯವಾಗಿ ಇಂಥದ್ದೇ ಸಿಲಿಕಾ ಚಿಪ್. ಮೂವತ್ತೆರಡಾಗಿ ಹಂಚಿದ್ದಕ್ಕೇ 15 ಡೆಸಿಬೆಲ್ ತೆರಬೇಕು, ಅದನ್ನು ಯಾರೂ ತಪ್ಪಿಸಲಾರರು. ನಾನು ಅಳೆದ ಒಂದರಲ್ಲಿ ಒಟ್ಟು 16.6 ಬಂತು. ಹಂಚಿಕೆಯೇ ಇಷ್ಟನ್ನು ನುಂಗುವ ಜಾಲದಲ್ಲಿ ಬಾಗಿಲಿಗೆ ಇನ್ನೂ 9 ಡೆಸಿಬೆಲ್ ಕೊಡುವ ಚಿಪ್‌ಗೆ ಜಾಗವಿಲ್ಲ. ಸಿಲಿಕಾದ ದೋಷ ಅದರ ಗಾತ್ರ. ಹಿಡಿತ ಸಡಿಲವಾದ್ದರಿಂದ ತಿರುವಿನ ತ್ರಿಜ್ಯ ಮಿಲಿಮೀಟರ್‌ಗಳಲ್ಲಿರಬೇಕು. ಸಿಲಿಕಾನ್‌ನ ಉಂಗುರ ಸೂಕ್ಷ್ಮದರ್ಶಕವಿಲ್ಲದೆ ಕಾಣದು, ಅದೇ ಕೆಲಸದ ಸಿಲಿಕಾ ಚಿಪ್ ಬಿಸ್ಕತ್ತಿನಷ್ಟು ದೊಡ್ಡದು.

ಗ್ರೇಟಿಂಗ್ ಕಪ್ಲರ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. ಅದು ಬೆಳಕನ್ನು ನುಂಗುತ್ತದೆ ನಿಜ, ಆದರೆ ಫೈಬರ್ ಒಂದೆರಡು ಮೈಕ್ರಾನ್ ಅತ್ತಿತ್ತ ಸರಿದರೂ ಕೋಪಿಸಿಕೊಳ್ಳುವುದಿಲ್ಲ, ಹಲವು ಚಿಪ್‌ಗಳಿರುವ ಬಿಲ್ಲೆಯಾದ ವೇಫರ್ ಅನ್ನು ಕತ್ತರಿಸುವ ಮೊದಲೇ ನೂರಾರು ಉಂಗುರಗಳನ್ನು ಅಳೆದು ಮುಗಿಸಬಹುದು. ಅಂಚಿನಿಂದ ಬೆಳಕು ತುಂಬುವಾಗ ಅರ್ಧ ಮೈಕ್ರಾನ್ ಸರಿದರೂ ಅಂಕಿ ಕುಸಿಯುತ್ತದೆ, ಅಂಚನ್ನು ಉಜ್ಜಿ ನಯಗೊಳಿಸುವ ಕೆಲಸವೂ ಸೇರಿಕೊಳ್ಳುತ್ತದೆ. ಕಲಿಯುವವರಿಗೆ ನಾನು ಇಂದಿಗೂ ಮೊದಲು ಕೊಡುವುದು ಸಿಲಿಕಾನ್ ಮತ್ತು ಗ್ರೇಟಿಂಗ್ ಅನ್ನೇ. ಅಂಚಿನಲ್ಲಿ ವೇವ್‌ಗೈಡ್ ಅನ್ನು ಮೊನಚಾಗಿಸಿ ಸಿಲಿಕಾನ್‌ನಲ್ಲೂ ಬಾಗಿಲಿನ ನಷ್ಟವನ್ನು ಬಹಳ ಇಳಿಸಬಹುದು, ಸಿದ್ಧ ಉತ್ಪನ್ನಗಳಲ್ಲಿ ಮಾಡುವುದೂ ಹಾಗೆಯೇ. ಆಗ ಮೇಲೆ ಹೇಳಿದ ಸುಲಭ ಮಾತ್ರ ಉಳಿಯುವುದಿಲ್ಲ.

ಬಿಸಿಯ ಪಾಠವನ್ನು ಕಲಿಸಿದ್ದು ಒಂದು ಮೇ ತಿಂಗಳ ಮಧ್ಯಾಹ್ನ. ಊಟ ಮುಗಿಸಿ ಬರುವಷ್ಟರಲ್ಲಿ ಏಸಿ ನಿಂತು ಕೋಣೆ 23ರಿಂದ 29 ಡಿಗ್ರಿಗೆ ಏರಿತ್ತು. ಮೀಟರ್ ಮುಂದೆ ಕುಳಿತಿದ್ದ ಹುಡುಗ, "ಸರ್, ಚಾನೆಲ್ಲೇ ಕಾಣ್ತಿಲ್ಲ, ಫೈಬರ್ ಏನಾದ್ರೂ ಮುರೀತಾ?" ಎಂದು ಕೇಳಿದ. ಫೈಬರ್ ಮುರಿದಿರಲಿಲ್ಲ. ಸಿಲಿಕಾನ್ ಉಂಗುರ ಒಂದು ಡಿಗ್ರಿಗೆ ಸುಮಾರು 0.075 ನ್ಯಾನೊಮೀಟರ್‌ನಂತೆ ಸರಿದು, ಆರು ಡಿಗ್ರಿಗೆ 0.45 ನ್ಯಾನೊಮೀಟರ್ ಆಚೆಗೆ, ಅಂದರೆ ತನ್ನ ಚಾನೆಲ್ ಬಿಟ್ಟು ಪಕ್ಕದ ಚಾನೆಲ್‌ನ ಅರ್ಧ ದಾರಿಗಿಂತ ತುಸು ಮುಂದಕ್ಕೆ ಹೋಗಿ ನಿಂತಿತ್ತು. ಅದೇ ಮೇಜಿನಲ್ಲಿ ನೈಟ್ರೈಡ್ ಉಂಗುರ ಸರಿದದ್ದು 0.12ರ ಸುಮಾರು, ಸಿಲಿಕಾ 0.07ರ ಒಳಗೆ. ಸಿಲಿಕಾನ್‌ನ ಸೂಚ್ಯಂಕ ಬಿಸಿಗೆ ಬದಲಾಗುವ ದರ ಗಾಜಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು, ಆದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ಇದೇ ದೌರ್ಬಲ್ಯ ಇನ್ನೊಂದು ಕಡೆ ಬಲವಾಗುತ್ತದೆ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು: ಉಂಗುರದ ಮೇಲೆ ಪುಟ್ಟ ಹೀಟರ್ ಇಟ್ಟು ಕೆಲವೇ ಮಿಲಿವಾಟ್‌ಗಳಲ್ಲಿ ಸಿಲಿಕಾನ್ ಅನ್ನು ಬೇಕಾದ ಚಾನೆಲ್‌ಗೆ ಎಳೆದು ತರಬಹುದು, ನೈಟ್ರೈಡ್‌ಗೆ ಅದೇ ಕೆಲಸಕ್ಕೆ ಹಲವು ಪಟ್ಟು ವಿದ್ಯುತ್ ಬೇಕು. ಹೇಗೂ ಸಿಲಿಕಾನ್‌ಗೆ ಹೀಟರ್ ಇಡಲೇಬೇಕು, ಏಕೆಂದರೆ ಅದರ ಉಂಗುರಗಳು ಹುಟ್ಟುವಾಗಲೇ ಹೇಳಿದ ಜಾಗದಲ್ಲಿ ಹುಟ್ಟುವುದಿಲ್ಲ. ಒಂದೇ ಚಿಪ್‌ನಲ್ಲಿ ಎರಡು ಮಿಲಿಮೀಟರ್ ಅಂತರದಲ್ಲಿ, ಒಂದೇ ನಕ್ಷೆಯಿಂದ ಬರೆಸಿದ ಎರಡು ಉಂಗುರಗಳು ನನ್ನ ಅಳತೆಯಲ್ಲಿ ಒಂದು ನ್ಯಾನೊಮೀಟರ್‌ಗಿಂತ ಹೆಚ್ಚು ಬೇರೆಯಾಗಿದ್ದವು. ವೇವ್‌ಗೈಡ್‌ನ ಅಗಲದಲ್ಲಿ ಒಂದು ನ್ಯಾನೊಮೀಟರ್ ವ್ಯತ್ಯಾಸವಾದರೆ ತರಂಗಾಂತರದಲ್ಲೂ ಸರಿಸುಮಾರು ಅಷ್ಟೇ ವ್ಯತ್ಯಾಸವಾಗುತ್ತದೆ. ಯಾವ ಕಾರ್ಖಾನೆಯನ್ನೂ ಇದಕ್ಕೆ ಬೈಯುವಂತಿಲ್ಲ.

ಮೂರನೆಯದು ಧ್ರುವೀಕರಣ. ಮೇಜಿನ ಮೇಲೆ ಹರಡಿದ್ದ ಹಳದಿ ಹೊದಿಕೆಯ ಫೈಬರ್‌ಗೆ ಮೊಣಕೈ ತಗುಲಿತೆಂದರೆ ಸಿಲಿಕಾನ್ ಚಿಪ್‌ನ ಅಂಕಿ ಹತ್ತು ಡೆಸಿಬೆಲ್ ಇಳಿಯುವುದುಂಟು, ಏಕೆಂದರೆ ಆ ಗ್ರೇಟಿಂಗ್ ಒಂದೇ ದಿಕ್ಕಿನ ಧ್ರುವೀಕರಣವನ್ನು ಒಳಗೆ ಬಿಡುತ್ತದೆ. ಪ್ರಯೋಗಾಲಯದಲ್ಲಿ ಕಂಟ್ರೋಲರ್‌ನ ತಟ್ಟೆಗಳನ್ನು ತಿರುಗಿಸಿ ಸರಿಪಡಿಸಬಹುದು. ಆದರೆ ನೆಲದಡಿಯಲ್ಲಿ ಎಂಬತ್ತು ಕಿಲೋಮೀಟರ್ ಹಾದು ಬಂದ ಬೆಳಕಿನ ಧ್ರುವೀಕರಣ ಯಾವ ಗಳಿಗೆಯಲ್ಲಿ ಹೇಗಿರುತ್ತದೆಂದು ಹೇಳಲಾಗದು. ಸಿಲಿಕಾ ಇದನ್ನು ಗಮನಿಸಿದಂತೆಯೇ ಕಾಣುವುದಿಲ್ಲ, ನೈಟ್ರೈಡ್ ಅದರ ಆಕಾರವನ್ನು ಅವಲಂಬಿಸಿ ನಡುವೆ ನಿಲ್ಲುತ್ತದೆ. ಆದ್ದರಿಂದ ಕಳುಹಿಸುವ ತುದಿಗೆ ಸಿಲಿಕಾನ್ ಅನ್ನು ಒಪ್ಪಿದಷ್ಟು ಸುಲಭವಾಗಿ ಸ್ವೀಕರಿಸುವ ತುದಿಗೆ ನಾನು ಒಪ್ಪುವುದಿಲ್ಲ. ಅಲ್ಲಿ ಎರಡೂ ಧ್ರುವೀಕರಣಗಳನ್ನು ಬೇರ್ಪಡಿಸುವ ಹೆಚ್ಚಿನ ರಚನೆ ಬೇಕಾಗುತ್ತದೆ.

ಬೆಳಕಿನ ಬಲ ಹೆಚ್ಚಿಸಿದಾಗ ಕಂಡದ್ದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ. ಕಡಿಮೆ ಬಲದಲ್ಲಿ ಸಿಲಿಕಾನ್ ಉಂಗುರದ ಅನುರಣನ ಪರದೆಯ ಮೇಲೆ ಎರಡೂ ಬದಿ ಸಮನಾದ ಕಣಿವೆಯಂತಿರುತ್ತದೆ. ಲೇಸರ್‌ನ ಬಲ ಏರಿಸುತ್ತ ಹೋದಂತೆ ಆ ಕಣಿವೆ ಉದ್ದ ತರಂಗಾಂತರದ ಕಡೆಗೆ ವಾಲಿ, ಕೊನೆಗೆ ಗರಗಸದ ಹಲ್ಲಿನಂತೆ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಕಡಿದ ಗೋಡೆಯಾಗುತ್ತದೆ. ಈ ತರಂಗಾಂತರದಲ್ಲಿ ಸಿಲಿಕಾನ್ ಒಂದು ಫೋಟಾನನ್ನು ಹೀರುವುದಿಲ್ಲ, ಆದರೆ ಎರಡನ್ನು ಒಟ್ಟಿಗೆ ಹೀರುತ್ತದೆ. ಹೀರಿದ್ದು ಬಿಸಿಯಾಗಿ ಉಂಗುರವನ್ನು ಸರಿಸುತ್ತದೆ. ಅಷ್ಟೇ ಬಲವನ್ನು ನೈಟ್ರೈಡ್‌ಗೆ ಹಾಕಿದಾಗ ಕಣಿವೆ ಕದಲಲಿಲ್ಲ.

ಹಾಗೆಂದು ನೈಟ್ರೈಡ್ ನಿರ್ದೋಷಿಯಲ್ಲ. ಕಡಿಮೆ ಉಷ್ಣತೆಯಲ್ಲಿ ಪ್ಲಾಸ್ಮಾ ವಿಧಾನದಿಂದ ಪದರ ಹಾಸಿದ ಚಿಪ್ ಒಂದು 1580 ನ್ಯಾನೊಮೀಟರ್‌ನಲ್ಲಿ ಚೆನ್ನಾಗಿಯೇ ಇದ್ದು, 1520ರ ಹತ್ತಿರ ಬಂದಾಗ ಬೆಳಕನ್ನು ನುಂಗುತ್ತಿತ್ತು. ಪದರದೊಳಗೆ ಉಳಿದ ಹೈಡ್ರೋಜನ್ ನೈಟ್ರೋಜನ್‌ಗೆ ಅಂಟಿಕೊಂಡು ಮಾಡುವ ಕೆಲಸ ಅದು. ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಹೈಡ್ರೋಜನ್ ಹೊರಟುಹೋಗುತ್ತದೆ, ಆದರೆ ಕೆಳಗೆ ಬೇರೆ ಸರ್ಕ್ಯೂಟ್ ಇದ್ದರೆ ಅದೂ ಹೋಗುತ್ತದೆ. ಪದರವನ್ನು ದಪ್ಪ ಮಾಡಹೊರಟರೆ ಒಳಗಿನ ಬಿಗಿತಕ್ಕೆ ಬಿರುಕು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ಬೆಳಕಿನ ಮೇಲೆ ಮಾಹಿತಿ ಬರೆಯುವ ವೇಗದ ಮಾಡ್ಯುಲೇಟರ್ ಇಲ್ಲ, ಬೆಳಕನ್ನು ವಿದ್ಯುತ್ತಾಗಿ ಓದುವ ಡಿಟೆಕ್ಟರ್ ಇಲ್ಲ, ಲೇಸರ್ ಇಲ್ಲ. ಸಿಲಿಕಾನ್‌ನಲ್ಲಿ ಮೊದಲಿನದಕ್ಕೆ ಡೋಪಿಂಗ್, ಅಂದರೆ ಬೇರೆ ಧಾತುವನ್ನು ತುಸು ಬೆರೆಸುವುದು, ಎರಡನೆಯದಕ್ಕೆ ಜರ್ಮೇನಿಯಂ ಇದೆ. ಲೇಸರ್ ಮಾತ್ರ ಅಲ್ಲೂ ಎರವಲು.

ಆ ಎರವಲು ಬರುವುದು ಇಂಡಿಯಂ ಫಾಸ್ಫೈಡ್‌ನಿಂದ. ಲೇಸರ್, ಆಂಪ್ಲಿಫೈಯರ್, ಮಾಡ್ಯುಲೇಟರ್, ಡಿಟೆಕ್ಟರ್ ನಾಲ್ಕೂ ಒಂದೇ ತುಂಡಿನಲ್ಲಿ ಹುಟ್ಟುವುದು ಇಲ್ಲಿ ಮಾತ್ರ. ನನ್ನ ಅನುಭವ ಚಿಕ್ಕದು: ಅದು ಚಿಮಟದ ಒತ್ತಡಕ್ಕೇ ಮುರಿಯುವಷ್ಟು ಪೆಡಸು, ಒಂದನ್ನು ನಾನೇ ಹಾಗೆ ಮುರಿದಿದ್ದೇನೆ; ಲೇಸರ್‌ನ ತರಂಗಾಂತರ ಡಿಗ್ರಿಗೆ 0.1 ನ್ಯಾನೊಮೀಟರ್‌ನಂತೆ ಓಡುವುದರಿಂದ ಕೆಳಗೆ ತಂಪುಗೊಳಿಸುವ ಸಾಧನ ಬೇಕೇ ಬೇಕು, ವಿದ್ಯುತ್ತಿನ ಗಣನೀಯ ಪಾಲು ಅದಕ್ಕೇ ಹೋಗುತ್ತದೆ. ವೇಫರ್ ಚಿಕ್ಕದು, ಬೆಲೆ ದೊಡ್ಡದು.

ಲಿಥಿಯಂ ನಯೋಬೇಟ್‌ನದು ಬೇರೆಯೇ ಕತೆ. ವಿದ್ಯುತ್ ಕ್ಷೇತ್ರಕ್ಕೆ ನೇರವಾಗಿ ಸೂಚ್ಯಂಕ ಬದಲಿಸುವ ಗುಣದಿಂದಾಗಿ ದಶಕಗಳಿಂದ ದೂರಸಂಪರ್ಕದ ಮಾಡ್ಯುಲೇಟರ್‌ಗಳು ಇದರಲ್ಲೇ ಆಗುತ್ತಿದ್ದವು, ಹಲವು ಸೆಂಟಿಮೀಟರ್ ಉದ್ದದ ಪಟ್ಟಿಗಳಾಗಿ. 2018ರಲ್ಲಿ ಹಾರ್ವರ್ಡ್‌ನ ತಂಡ ಇದರ ತೆಳುಪದರದಲ್ಲಿ ಕೊರೆದ ವೇವ್‌ಗೈಡ್‌ಗಳಿಂದ, ಸಾಮಾನ್ಯ ಸಿಮಾಸ್ (ಕಂಪ್ಯೂಟರ್‌ಗಳಲ್ಲಿರುವಂಥ ಎಲೆಕ್ಟ್ರಾನಿಕ್) ಚಿಪ್ ಕೊಡಬಲ್ಲ ವೋಲ್ಟೇಜ್‌ನಲ್ಲೇ ನಡೆಯುವ ಮಾಡ್ಯುಲೇಟರ್ ತೋರಿಸಿದ ಮೇಲೆ ಎಲ್ಲರ ಕಣ್ಣೂ ಅತ್ತ ಹೊರಳಿತು. ನನ್ನ ಕೈಗೆ ಬಂದ ಚಿಪ್ ವೇಗದಲ್ಲಿ ಸಿಲಿಕಾನ್ ಮಾಡ್ಯುಲೇಟರ್ ಅನ್ನು ಹಿಂದೆ ಹಾಕಿತು, ಡೋಪಿಂಗ್‌ನ ನಷ್ಟವೂ ಇಲ್ಲ. ಆದರೆ ಬೆಳಿಗ್ಗೆ ಸರಿಯಾದ ಬಿಂದುವಿನಲ್ಲಿ ನಿಲ್ಲಿಸಿದ ಬಯಾಸ್, ಅಂದರೆ ಮಾಡ್ಯುಲೇಟರ್ ಅನ್ನು ಸರಿಯಾದ ಸ್ಥಿತಿಯಲ್ಲಿ ಹಿಡಿದಿಡುವ, ವೋಲ್ಟೇಜ್ ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಹೋಗಿರುತ್ತಿತ್ತು. ವೋಲ್ಟೇಜ್ ಬಿಟ್ಟು ಹೀಟರ್‌ನಿಂದ ಹಿಡಿದ ಮೇಲೆಯೇ ಅದು ಸಂಜೆಯವರೆಗೆ ನಿಂತದ್ದು.

ಕಳೆದ ಸಲ ಒಂದು ಸ್ವೀಕಾರ ತುದಿಯ ಫಿಲ್ಟರ್‌ಗೆ ವಸ್ತು ಆರಿಸಬೇಕಾಗಿ ಬಂದಾಗ ನಾನು ನೈಟ್ರೈಡ್ ಎಂದು ಬರೆದುಕೊಟ್ಟೆ, ಹೆಚ್ಚಿನ ಉಷ್ಣತೆಯಲ್ಲಿ ಕಾಯಿಸಿದ ಪದರವೇ ಆಗಬೇಕೆಂದು ಕೆಳಗೆ ಗೆರೆ ಎಳೆದು. ಜಾಗಕ್ಕೆ ಬರವಿಲ್ಲದಿದ್ದರೆ ಸಿಲಿಕಾ ಎಂದೇ ಬರೆಯುತ್ತಿದ್ದೆ. ಕಳುಹಿಸುವ ತುದಿಯಲ್ಲಿ ಸಾವಿರಗಟ್ಟಲೆ ಬೇಕಾದ, ಡೇಟಾ ಸೆಂಟರ್‌ನೊಳಗೆ ಒಂದೆರಡು ಕಿಲೋಮೀಟರ್ ಓಡಬೇಕಾದ ಟ್ರಾನ್ಸೀವರ್‌ಗೆ (ಬೆಳಕಿನ ಸಂಕೇತ ಕಳುಹಿಸಿ ಸ್ವೀಕರಿಸುವ ಘಟಕಕ್ಕೆ) ಸಿಲಿಕಾನ್ ಅನ್ನು ಬಿಟ್ಟು ಬೇರೆ ಹೆಸರು ಹೇಳಲು ನನಗೆ ಧೈರ್ಯವಿಲ್ಲ; ಅಷ್ಟು ಹತ್ತಿರದ ಓಟದಲ್ಲಿ ಫೈಬರ್ ಉಳಿಸಿಕೊಡುವ ಡೆಸಿಬೆಲ್‌ಗಳನ್ನು ಬಾಗಿಲಿನಲ್ಲಿ ಖರ್ಚು ಮಾಡಬಹುದು. ನೈಟ್ರೈಡ್ ಚಿಪ್ ಈಗ ಹಲವರು ಹಂಚಿಕೊಂಡು ಮಾಡಿಸುವ ವೇಫರ್‌ನಲ್ಲಿ ಸರದಿ ಕಾಯುತ್ತಿದೆ. ಅದು ಬಂದ ದಿನ ನಾನು ಮೊದಲು ಅಳೆಯುವುದು 1520ರ ಹತ್ತಿರ ಏನಾಗುತ್ತದೆ ಎಂಬುದನ್ನು.