ಜಾವಾದಲ್ಲಿ ಹೆಸರು ಚೆಕ್ ಮಾಡೋಕೆ ಯಾವ ದಾರಿ ಒಳ್ಳೇದು?

ಫಾರ್ಮ್‌ನಲ್ಲಿ ಹೆಸರಿನ ಜಾಗಕ್ಕೆ ಅಂಕಿಯೋ ಬೇಡದ ಚಿಹ್ನೆಯೋ ಬರಬಾರದು, ಅಷ್ಟೇ ತಾನೇ? ಜಾವಾದಲ್ಲಿ ಇದಕ್ಕೆ ಹಲವು ದಾರಿಗಳಿವೆ. ಎಲ್ಲವನ್ನೂ ಒಂದೇ ಪಟ್ಟಿಯ ಮೇಲೆ ಓಡಿಸಿ ನೋಡಿದೆ. ಇಂಗ್ಲಿಷ್ ಹೆಸರು, ಇನಿಷಿಯಲ್ ಇರುವ ಹೆಸರು, ಕನ್ನಡದಲ್ಲೇ ಬರೆದ ಹೆಸರು, ಖಾಲಿ ಸ್ಟ್ರಿಂಗ್ (ಒಂದಕ್ಷರವೂ ಇಲ್ಲದ ಪಠ್ಯ) ಎಲ್ಲ ಅದರಲ್ಲಿದ್ದವು.

ಎ ಇಂದ ಝಡ್ ವರೆಗಿನ ರೆಜೆಕ್ಸ್ (ಪಠ್ಯ ಹೇಗಿರಬೇಕು ಅಂತ ಹೇಳುವ ಮಾದರಿ) ಎಲ್ಲರ ಕೈಗೂ ಮೊದಲು ಸಿಗುವುದು. ಇಂಗ್ಲಿಷ್‌ಗೆ ಸಾಕು, ಬೇರೆ ಲಿಪಿಗೆ ಬಾಗಿಲು ಮುಚ್ಚಿದ ಹಾಗೆ. ದೊಡ್ಡ ಎ ಇಂದ ನೇರ ಸಣ್ಣ ಝಡ್ ವರೆಗೆ ಒಂದೇ ರೇಂಜ್ ಕೊಟ್ಟರೆ ನಡುವೆ ಇರುವ 6 ಚಿಹ್ನೆಗಳೂ ಒಳಗೆ ಬರುತ್ತವೆ. ಅಂಡರ್‌ಸ್ಕೋರ್ ಅದರಲ್ಲೊಂದು.

ಆಮೇಲೆ ಒಂದೊಂದೇ ಚಿಹ್ನೆ ನೋಡುತ್ತ ಹೋಗುವ ಫಾರ್ ಲೂಪ್, ಒಳಗೆ 'ಇದು ಅಕ್ಷರವೇ?' ಅಂತ ಹೇಳುವ ಈಸ್‌ಲೆಟರ್. ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ. 'ಕಮಲ' ಪಾಸಾಯಿತು, 'ಗೀತಾ' ಆಗಲಿಲ್ಲ. ಯಾಕಂದ್ರೆ ಎಲ್ಲ ಲಿಪಿಗಳ ಚಿಹ್ನೆಗಳಿಗೂ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ದೀರ್ಘ, ಗುಣಿತದ ಗುರುತುಗಳೆಲ್ಲ ಅಕ್ಷರವಲ್ಲ, 'ಮಾರ್ಕ್' ಅನ್ನೋ ಬೇರೆ ಗುಂಪು. ಈಸ್‌ಲೆಟರ್ ಅವನ್ನು ಒಪ್ಪುವುದಿಲ್ಲ. ಸರಿ, ಜಾವಾ 7ರಲ್ಲಿ ಬಂದ ಈಸ್‌ಆಲ್ಫಬೆಟಿಕ್ ಹಾಕಿದೆ. ಈಗ 'ಗೀತಾ' ಪಾಸು, 'ಕಾವ್ಯ' ಫೇಲು! ಕ ಆಯಿತು, ಅದರ ದೀರ್ಘ ಆಯಿತು, ವ ಆಯಿತು, ಒತ್ತಕ್ಷರ ಕೂಡಿಸುವ ಹಲಂತದ ಹತ್ತಿರ ನಿಂತುಹೋಯಿತು. ಒತ್ತಕ್ಷರ ಇಲ್ಲದ ಹೆಸರುಗಳಲ್ಲಷ್ಟೇ ಟೆಸ್ಟ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಅದಕ್ಕೇ ಇದು ಅಪಾಯದ ದಾರಿ ಅಂತ ನನ್ನ ಅನಿಸಿಕೆ.

ಎಲ್ಲ ಚಿಹ್ನೆಗಳೂ ನಿಯಮಕ್ಕೆ ಹೊಂದುತ್ತವೆಯೇ ಅಂತ ನೋಡುವ ಸ್ಟ್ರೀಮ್‌ನ ಆಲ್‌ಮ್ಯಾಚ್ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಓದೋಕೆ ಚೆಂದ. ಒಳಗೆ ಈಸ್‌ಲೆಟರ್ ಇದ್ದರೆ ತೊಂದರೆ ಹಳೆಯದೇ. ಜೊತೆಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಟ್ರೂ ಅನ್ನುತ್ತದೆ. ಖಾಲಿಯೋ ಅಂತ ಮೊದಲೇ ನೋಡಲೇಬೇಕು.

ಕೊನೆಗೆ ಉಳಿಸಿಕೊಂಡದ್ದು ಯೂನಿಕೋಡ್ ಗುಂಪುಗಳನ್ನು ಬಳಸುವ ರೆಜೆಕ್ಸ್. ಮೊದಲು ಒಂದು ಲೆಟರ್ ಇರಲೇಬೇಕು. ಆಮೇಲೆ ಲೆಟರ್, ಮಾರ್ಕ್, ಚುಕ್ಕೆ, ಸ್ಪೇಸ್, ಹೈಫನ್, ಅಪಾಸ್ಟ್ರಫಿ ಎಷ್ಟು ಬೇಕಾದರೂ ಬರಬಹುದು. 'ಕಾವ್ಯ' ಪಾಸು, ಇನಿಷಿಯಲ್ ಇರುವ ಹೆಸರೂ ಪಾಸು, ಖಾಲಿ ಸ್ಟ್ರಿಂಗ್ ತಾನಾಗೇ ಫೇಲು. ಫೈಂಡ್ ಬೇಡ, ಇಡೀ ಸ್ಟ್ರಿಂಗ್ ಹೊಂದಬೇಕು ಅನ್ನುವ ಮ್ಯಾಚಸ್ ಬಳಸಿ. ಫೈಂಡ್‌ಗೆ ನಡುವೆ ಒಂದು ತುಂಡು ಹೊಂದಿದರೂ ಸಾಕು, ಅಂಕಿ ಇದ್ದರೂ ಬಿಟ್ಟುಬಿಡುತ್ತದೆ. ಪ್ಯಾಟರ್ನ್ ಅನ್ನು, ಅಂದ್ರೆ ಈ ರೆಜೆಕ್ಸ್ ಅನ್ನು, ಒಮ್ಮೆ ಕಂಪೈಲ್ ಮಾಡಿ (ಬಳಕೆಗೆ ಸಿದ್ಧಪಡಿಸಿ) ಬದಲಾಗದ ಸ್ಟ್ಯಾಟಿಕ್ ಫೈನಲ್ ಆಗಿ ಇಟ್ಟುಕೊಳ್ಳಿ. ಸ್ಟ್ರಿಂಗ್‌ನ ಮ್ಯಾಚಸ್ ನೇರ ಕರೆದರೆ ಪ್ರತಿ ಸಲ ಹೊಸದಾಗಿ ಕಂಪೈಲ್ ಆಗುತ್ತದೆ, ಸುಮ್ನೆ ಯಾಕೆ?

ಆದರೂ ಲೂಪ್ ಅನ್ನು ಪೂರ್ತಿ ಬಿಟ್ಟಿಲ್ಲ. ಎಷ್ಟನೇ ಜಾಗದಲ್ಲಿ ಯಾವ ಚಿಹ್ನೆ ತಪ್ಪು ಅಂತ ರೆಜೆಕ್ಸ್ ಹೇಳುವುದಿಲ್ಲ, ಲೂಪ್ ಹೇಳುತ್ತದೆ. ಹಾಗಾಗಿ ರೆಜೆಕ್ಸ್ ಹೆಸರನ್ನು ಒಪ್ಪದಿದ್ದಾಗ ಮಾತ್ರ ಕೋಡ್‌ಪಾಯಿಂಟ್ (ಪ್ರತಿ ಚಿಹ್ನೆಯ ಯೂನಿಕೋಡ್ ನಂಬರ್) ಮೇಲೆ ಅದೇ ನಿಯಮದ ಲೂಪ್ ಓಡಿಸಿ, ಸಂದೇಶದಲ್ಲಿ ಆ ಚಿಹ್ನೆಯನ್ನೇ ತೋರಿಸುತ್ತೇನೆ.