ಲೀ-ಎನ್‌ಫೀಲ್ಡ್ ನಂ. 4 ಮತ್ತು ಅದರ ಮಾರ್ಕ್ 1 ಬ್ಯಾಕ್‌ಸೈಟ್: ಒಂಬತ್ತು ವರ್ಷ ಬಳಸಿದ ಮೇಲೆ

ಈ ರೈಫಲ್ ನನ್ನ ಕೈಗೆ ಬಂದು ಒಂಬತ್ತು ವರ್ಷವಾಯಿತು. 1943ರಲ್ಲಿ ತಯಾರಾದ, ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ನಂ. 4 ಮಾರ್ಕ್ 1, .303 ಕಾಡತೂಸಿನದು. ರೇಂಜಿಗೆ ಹೋದಾಗಲೆಲ್ಲ ಎಷ್ಟು ಗುಂಡು ಹಾರಿಸಿದೆ, ಎಷ್ಟು ಗಜ, ಸೈಟ್ ಯಾವ ಗೆರೆಯಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಆ ಲೆಕ್ಕದ ಪ್ರಕಾರ ಇದುವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಗುಂಡುಗಳಾಗಿವೆ. ಮೊದಲು 100 ಗಜ, ಆಮೇಲೆ 300, ಈಗ ಹೆಚ್ಚಾಗಿ 600, ವರ್ಷಕ್ಕೆ ಎರಡು ಮೂರು ಸಲ 900. ಟೆಲಿಸ್ಕೋಪ್ ಹಾಕಿಲ್ಲ, ಹಾಕುವ ಆಸೆಯೂ ಇಲ್ಲ. ಇಡೀ ರೈಫಲ್‌ನಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾಗಿರುವ ಭಾಗ ಅದರ ಬ್ಯಾಕ್‌ಸೈಟ್, ಅಂದರೆ ಗುರಿ ಹಿಡಿಯುವ ಎರಡು ಸಾಧನಗಳಲ್ಲಿ ಹಿಂದಿನದು. ಆದ್ದರಿಂದ ಇಲ್ಲಿ ಹೆಚ್ಚಿನ ಜಾಗ ಅದಕ್ಕೇ ಸಲ್ಲುತ್ತದೆ.

ಇದರ ಹಿಂದಿನ ತಲೆಮಾರಿನದು 1907ರಲ್ಲಿ ಬಂದ ಮಾರ್ಕ್ 3 ಲೀ-ಎನ್‌ಫೀಲ್ಡ್. ಅದರ ಬ್ಯಾಕ್‌ಸೈಟ್ ನಳಿಕೆಯ ಮೇಲೆಯೇ, ಕಣ್ಣಿನಿಂದ ಸಾಕಷ್ಟು ದೂರದಲ್ಲಿ ಕೂತಿರುತ್ತದೆ. ಅದು ತೆರೆದ ಕಚ್ಚಿನ ಸೈಟ್. ಅಲ್ಲಿಂದ ನಳಿಕೆಯ ತುದಿಯಲ್ಲಿರುವ ಫೋರ್‌ಸೈಟ್‌ಗೆ ಸುಮಾರು 19 ಅಂಗುಲ ಅಂತರ. ನಂ. 4ರಲ್ಲಿ ಬ್ಯಾಕ್‌ಸೈಟನ್ನು ಹಿಂದಕ್ಕೆ, ಬೋಲ್ಟ್ (ಕಾಡತೂಸನ್ನು ನಳಿಕೆಗೆ ತಳ್ಳಿ ಮುಚ್ಚುವ ಸರಳು) ಓಡಾಡುವ ಭಾಗದ ಕೊನೆಗೆ ತಂದು, ಕಚ್ಚಿನ ಬದಲು ತೂತು ಕೊಟ್ಟರು. ಅಂತರ 28 ಅಂಗುಲ ದಾಟಿತು. ಓದುವಾಗ ಇದು ಸಣ್ಣ ಬದಲಾವಣೆಯಂತೆ ಕಾಣಬಹುದು. ಲೆಕ್ಕ ಹಾಕಿ ನೋಡಿ: ಫೋರ್‌ಸೈಟನ್ನು ನಡುವಿಗೆ ತರುವಾಗ ಕಣ್ಣು ಅಂಗುಲದ ನೂರನೇ ಒಂದು ಭಾಗದಷ್ಟು ತಪ್ಪಿದರೂ 19 ಅಂಗುಲದ ಅಂತರದಲ್ಲಿ ಆ ತಪ್ಪು 600 ಗಜಕ್ಕೆ 11 ಅಂಗುಲವಾಗಿ ಬೆಳೆಯುತ್ತದೆ. ನಂ. 4ರಲ್ಲಿ ಅದೇ ತಪ್ಪು ಏಳೂವರೆ ಅಂಗುಲದಲ್ಲಿ ನಿಲ್ಲುತ್ತದೆ. ಕಾಡತೂಸು ಬದಲಾಗಿಲ್ಲ. ಸೈಟ್ ಕೂತ ಜಾಗವೊಂದೇ ನಮ್ಮ ಕಣ್ಣಿನ ತಪ್ಪನ್ನು ಮೂರನೇ ಒಂದು ಭಾಗದಷ್ಟು ಕ್ಷಮಿಸುತ್ತದೆ.

ತೂತಿನ ಲಾಭ ಇನ್ನೂ ದೊಡ್ಡದು. ತೆರೆದ ಕಚ್ಚಿನಲ್ಲಿ ಕಣ್ಣು ಮೂರು ವಸ್ತುಗಳ ನಡುವೆ ಓಡಾಡಬೇಕು: ಕಚ್ಚು, ಫೋರ್‌ಸೈಟ್, ಟಾರ್ಗೆಟ್. ತೂತಿನಲ್ಲಿ ಅದು ಎರಡಕ್ಕೆ ಇಳಿಯುತ್ತದೆ. ದುಂಡಗಿನ ರಂಧ್ರದ ಮೂಲಕ ನೋಡಿದಾಗ ಅದರ ನಡುವನ್ನು ಕಣ್ಣು ತಾನಾಗಿಯೇ ಹುಡುಕಿಕೊಳ್ಳುತ್ತದೆ, ನಾವು ಹೇಳಿಕೊಡಬೇಕಿಲ್ಲ. ಜೊತೆಗೆ ಸಣ್ಣ ರಂಧ್ರದಿಂದ ಬರುವ ಬೆಳಕು ಹತ್ತಿರದ ಬ್ಲೇಡನ್ನೂ (ಫೋರ್‌ಸೈಟ್‌ನ ತೆಳು ಪಟ್ಟಿ) ದೂರದ ಟಾರ್ಗೆಟನ್ನೂ ಒಟ್ಟಿಗೆ ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ನಲವತ್ತು ದಾಟಿದ ಮೇಲೆ ಇದರ ಬೆಲೆ ನನಗೆ ಚೆನ್ನಾಗಿ ಗೊತ್ತಾಗಿದೆ. ಮಿತ್ರರೊಬ್ಬರ ಮಾರ್ಕ್ 3ರಲ್ಲಿ ಈಗ ಕಚ್ಚು ನನಗೆ ಬೂದು ಮೋಡದಂತೆ ಕಾಣುತ್ತದೆ. ನನ್ನ ನಂ. 4ರಲ್ಲಿ ಬ್ಲೇಡಿನ ಅಂಚು ಈಗಲೂ ಚೂಪಾಗಿಯೇ ಇದೆ.

ನಂ. 4ಕ್ಕೆ ಹಲವು ಬಗೆಯ ಬ್ಯಾಕ್‌ಸೈಟ್‌ಗಳು ಬಂದವು. ಮಾರ್ಕ್ 1 ಎಂಬುದು ಲೋಹವನ್ನು ಕಡೆದು ಮಾಡಿದ್ದು. ಎದ್ದು ನಿಲ್ಲುವ ಏಣಿ, ಅದರ ತಲೆಯಲ್ಲಿ ತಿರುಪು, 200ರಿಂದ 1300 ಗಜದವರೆಗೆ ಗೆರೆಗಳು. ಮಡಚಿದರೆ ಹತ್ತಿರದ ಗುರಿಗೆಂದು ದೊಡ್ಡ ತೂತು. ಎರಡನೆಯ ಮಹಾಯುದ್ಧದ ನಡುವೆ ಬೇಗ ತಯಾರಿಸಲೆಂದು ಮಾರ್ಕ್ 2 ಮಾಡಿದರು: 300 ಮತ್ತು 600 ಗಜಕ್ಕೆ ಎರಡೇ ತೂತು, ಆ ಕಡೆ ಈ ಕಡೆ ಮಗುಚಿದರೆ ಆಯಿತು. ಮಾರ್ಕ್ 3 ಮತ್ತು 4 ಸೈಟ್‌ಗಳು ತಗಡನ್ನು ಒತ್ತಿ ಮಾಡಿದ ಜಾರು ಕೊಂಡಿಯವು. ನನ್ನ ರೈಫಲ್‌ಗೆ ಬಂದಿದ್ದು ಮಾರ್ಕ್ 2. ಮೊದಲ ವರ್ಷ ಅದರಲ್ಲೇ ಹಾರಿಸಿದೆ. 400 ಗಜಕ್ಕೆ 300ರ ತೂತಿನಲ್ಲಿ ಟಾರ್ಗೆಟ್‌ಗಿಂತ ಎಷ್ಟೋ ಮೇಲೆ ಹಿಡಿಯುವುದು, 500ಕ್ಕೆ 600ರ ತೂತಿನಲ್ಲಿ ಕೆಳಗೆ ಹಿಡಿಯುವುದು, ಇದೇ ಹಾಡಾಗಿತ್ತು. ಸೈನಿಕನಿಗೆ ಅಷ್ಟು ಸಾಕಿತ್ತು. ಕಾಗದದ ಮೇಲೆ ಗುಂಡು ಕೂಡಿಸಬೇಕೆನ್ನುವವರಿಗೆ ಸಾಲದು. ಎರಡನೆಯ ವರ್ಷ ಮಾರ್ಕ್ 1 ಹುಡುಕಿಸಿ ಹಾಕಿಸಿದೆ.

ಮೊದಲು ಹಾಕಿಸಿದ್ದು ಹಳೆಯದರ ನಕಲು, ಈಚೆಗೆ ತಯಾರಾದದ್ದು. ಮಾಡಿದವರ ಹೆಸರು ಇಲ್ಲಿ ಬೇಡ. ನೋಡಲು ಥಳಥಳ ಹೊಳೆಯುತ್ತಿತ್ತು, ಆದರೆ ಏಣಿಯನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ಬೆನ್ನುಬೆನ್ನಿಗೆ ಹತ್ತು ಗುಂಡು ಹಾರಿಸಿದರೆ ಗೆರೆ ತಾನಾಗಿ ಅರ್ಧದಷ್ಟು ಸರಿದಿರುತ್ತಿತ್ತು. ಆರು ತಿಂಗಳು ತಪ್ಪು ನನ್ನದೇ ಎಂದುಕೊಂಡು ಉಸಿರು, ಟ್ರಿಗರ್, ಮೊಣಕೈ ಎಲ್ಲವನ್ನೂ ತಿದ್ದಿದೆ. ಆಮೇಲೆ ಯುದ್ಧಕಾಲದ ಅಸಲಿ ಸೈಟ್ ಸಿಕ್ಕಿತು. ಡಯಲ್ ಗೇಜ್ ಇಟ್ಟು ಅಳೆದಾಗ ಅದರ ಅಲುಗಾಟ ಅಂಗುಲದ ಸಾವಿರದಲ್ಲಿ ನಾಲ್ಕು ಭಾಗ. ಅಷ್ಟೇ ಅಲುಗಾಟ 600 ಗಜದಲ್ಲಿ ಮೂರು ಅಂಗುಲ. ಇದನ್ನು ಪಳಗಿಸಲು ನಾನು ಕಂಡುಕೊಂಡ ದಾರಿ ಇಷ್ಟು: ತಿರುಪನ್ನು ಬೇಕಾದ ಗೆರೆಗಿಂತ ಕೆಳಕ್ಕೆ ಇಳಿಸಿ, ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಿರುಗಿಸುತ್ತ ಗೆರೆ ಮುಟ್ಟುವುದು. ಹಲ್ಲಿನ ಸಡಿಲ ಪ್ರತಿ ಸಲವೂ ಒಂದೇ ಕಡೆ ಬಿದ್ದಿರುತ್ತದೆ. ಗುಂಡು ಹಾರಿಸುವ ಮುನ್ನ ಹೆಬ್ಬೆರಳಿನಿಂದ ಏಣಿಯನ್ನು ಒಮ್ಮೆ ಹಿಂದಕ್ಕೆ ಒತ್ತಿ ಬಿಡುತ್ತೇನೆ. ಈಗ ಅದು ಕೈಗೆ ಅಂಟಿದ ಅಭ್ಯಾಸ.

ಈ ಸೈಟ್‌ನ ಗೆರೆಗಳನ್ನು ಕೊರೆದದ್ದು ಮಾರ್ಕ್ 7 ಕಾಡತೂಸಿಗೆಂದು: 174 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡು, ಸೆಕೆಂಡಿಗೆ 2440 ಅಡಿ ವೇಗ. 1910ರಲ್ಲಿ ಬಳಕೆಗೆ ಬಂದ ಈ ಕಾಡತೂಸಿನ ಗುಂಡಿನ ಮೂತಿಯೊಳಗೆ ಸೀಸದ ಬದಲು ಹಗುರವಾದ ಪದಾರ್ಥ ತುಂಬುತ್ತಿದ್ದರು. ನಾನು ಈಗ ಹಾರಿಸುವುದು 174 ಗ್ರೇನಿನದೇ ಆದರೂ ಸ್ವಲ್ಪ ನಿಧಾನದ್ದು. ಹಾಗಾಗಿ ಏಣಿಯ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನನ್ನ ನೋಟ್‌ಬುಕ್ ಹೇಳುವಂತೆ 200 ಮತ್ತು 300 ಗಜಗಳಿಗೆ ಗೆರೆ ಸರಿಯಾಗಿಯೇ ಇದೆ. 500ಕ್ಕೆ 525ರ ಸುಮಾರು ಬೇಕು, 600ಕ್ಕೆ 650ರ ಗೆರೆಯ ಕೆಳ ಅಂಚು, 900ಕ್ಕೆ 975. ನಿಮ್ಮ ರೈಫಲ್‌ನಲ್ಲಿ ಇದೇ ಅಂಕಿ ಬರುತ್ತದೆ ಎನ್ನಲಾರೆ, ಯುದ್ಧಕಾಲದ .303 ನಳಿಕೆಗಳ ಒಳ ಅಳತೆ ಒಂದಕ್ಕೊಂದು ಸಾಕಷ್ಟು ಬೇರೆ. ನಿಮ್ಮ ಪಟ್ಟಿ ನೀವೇ ಬರೆದುಕೊಳ್ಳಬೇಕು. ಆದರೆ ಒಮ್ಮೆ ಬರೆದುಕೊಂಡರೆ ಏಣಿ ಅದಕ್ಕೆ ತಪ್ಪದೆ ಮರಳುತ್ತದೆ. ಚಳಿಗಾಲದ ಬೆಳಗಿನಲ್ಲಿ ಮಾತ್ರ 600ಕ್ಕೆ ಇನ್ನೊಂದು ಕೂದಲೆಳೆ ಏರಿಸುತ್ತೇನೆ.

ದೊಡ್ಡ ಕೊರತೆ ಗಾಳಿಯದು. ಈ ಸೈಟ್ ಮೇಲೆ ಕೆಳಗೆ ಮಾತ್ರ ಹೋಗುತ್ತದೆ. ಎಡ ಬಲಕ್ಕೆ ಸರಿಸುವ ವ್ಯವಸ್ಥೆಯೇ ಇಲ್ಲ. ಜೀರೋ ಮಾಡುವಾಗ, ಅಂದರೆ ಹಿಡಿದ ಕಡೆಯೇ ಗುಂಡು ಬೀಳುವಂತೆ ಸೈಟ್ ಹೊಂದಿಸುವಾಗ, ಫೋರ್‌ಸೈಟನ್ನು ಅದು ಕೂರುವ ಅಡ್ಡ ಕಚ್ಚಿನಲ್ಲಿ ಉಪಕರಣದಿಂದ ಸರಿಸಿ ಬಿಟ್ಟರೆ ಅಲ್ಲಿಗೆ ಮುಗಿಯಿತು. ಎತ್ತರವೂ ಹಾಗೆಯೇ: ಫೋರ್‌ಸೈಟ್ ಬ್ಲೇಡುಗಳು ಅಂಗುಲದ ಸಾವಿರದಲ್ಲಿ 15 ಭಾಗದ ಅಂತರದಲ್ಲಿ ಬೇರೆ ಬೇರೆ ಎತ್ತರದಲ್ಲಿ ಬರುತ್ತವೆ, ಒಂದು ಮೆಟ್ಟಿಲು ಬದಲಿಸಿದರೆ 100 ಗಜದಲ್ಲಿ ಸುಮಾರು ಎರಡು ಅಂಗುಲ. ಆದರೆ ಗಂಟೆಗೆ 10 ಮೈಲಿಯ ಅಡ್ಡಗಾಳಿ 600 ಗಜದಲ್ಲಿ ಈ ಗುಂಡನ್ನು ಎರಡೂವರೆ ಅಡಿಗಿಂತಲೂ ಆಚೆಗೆ ಒಯ್ಯುತ್ತದೆ. ಅಷ್ಟನ್ನು ಕಣ್ಣಂದಾಜಿನಲ್ಲೇ ಪಕ್ಕಕ್ಕೆ ಹಿಡಿದು ಹಾರಿಸಬೇಕು. ನಾನು ಅಳತೆಗೋಲಾಗಿ ಬಳಸುವುದು ಬ್ಲೇಡನ್ನೇ: 600 ಗಜದಲ್ಲಿ ಅದರ ಅಗಲ ಟಾರ್ಗೆಟ್‌ನ ಕಪ್ಪು ವೃತ್ತದಷ್ಟೇ ಕಾಣುತ್ತದೆ. ಬಲದಿಂದ ಮೆಲ್ಲನೆ ಬೀಸಿದರೆ ಅರ್ಧ ಬ್ಲೇಡ್ ಬಲಕ್ಕೆ, ಧ್ವಜ ನೆಟ್ಟಗೆ ನಿಂತರೆ ಒಂದು ಪೂರ್ತಿ ಬ್ಲೇಡ್. ಇದು ಬೇಡವೆನ್ನುವವರಿಗೆ ಪಾರ್ಕರ್-ಹೇಲ್ 5ಸಿ ಎಂಬ ಹಳೆಯ ಸ್ಪರ್ಧಾ ಸೈಟ್ ಇದೆ. ರೈಫಲ್‌ಗೆ ಹೊಸ ರಂಧ್ರ ಕೊರೆಯದೆ ಕೂರುತ್ತದೆ, ಎರಡೂ ದಿಕ್ಕಿಗೆ ತಿರುಪು ಉಂಟು. ಒಂದು ಋತು ಎರವಲು ತಂದು ಬಳಸಿದ್ದೆ. ಅಂಕ ಏರಿತು, ಸುಳ್ಳು ಹೇಳಲಾರೆ. ಆದರೂ ಹಿಂತಿರುಗಿಸಿ ಏಣಿಗೇ ಮರಳಿದೆ. ಈ ರೈಫಲ್ ಹಿಡಿದವರು ಗಾಳಿಯನ್ನು ಓದಿದ ರೀತಿಯಲ್ಲೇ ನಾನೂ ಓದಬೇಕೆಂಬುದು ನನ್ನ ಆಸೆ.

ಇನ್ನೂ ಮೂರು ತೊಂದರೆಗಳು. ಸಂಜೆಯ ಮಬ್ಬಿನಲ್ಲಿ ಸಣ್ಣ ತೂತು ಕತ್ತಲಾಗುತ್ತದೆ. ಕೊನೆಯ ಅರ್ಧ ಗಂಟೆ ವ್ಯರ್ಥ. ಮಳೆಯಲ್ಲಿ ತೂತಿನೊಳಗೆ ಒಂದು ಹನಿ ಕೂತರೆ ಅದು ಮಸೂರದಂತಾಗಿ, ಟಾರ್ಗೆಟ್ ಇರಬೇಕಾದ ಕಡೆ ಬರೀ ಬೆಳ್ಳಗಿನ ನಡುಗುವ ಗುಳ್ಳೆ ಕಾಣುತ್ತದೆ. ಬೋಲ್ಟ್ ಎಳೆದು ಮುಚ್ಚಿದ ತಕ್ಷಣ ಬಾಯಿಂದ ಒಮ್ಮೆ ಊದಿಬಿಡಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಬ್ಲೇಡಿನ ಒಂದು ಅಂಚು ಹೊಳೆದು ಕಣ್ಣು ಅದರ ನಡುವನ್ನು ತಪ್ಪಾಗಿ ಹಿಡಿಯುತ್ತದೆ. ಅದಕ್ಕೆ ಮಸಿ ಹಿಡಿಸುವ ಹಳೆಯ ಉಪಾಯಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಮೂರನೆಯ ವರ್ಷದಲ್ಲಿ ಗುಂಡುಗಳು ಮೇಲೆ ಕೆಳಗೆ ಚದುರತೊಡಗಿದವು. 300 ಗಜದಲ್ಲಿ ಅಗಲ ಒಂದು ಗೇಣು, ಎತ್ತರ ಒಂದೂವರೆ ಮೊಳ. ಮತ್ತೆ ಸೈಟ್ ಮೇಲೆಯೇ ಅನುಮಾನಪಟ್ಟೆ. ಹಳಬರಾದ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಒಬ್ಬರು ರೈಫಲ್ ಕೈಗೆ ತೆಗೆದುಕೊಂಡು, ಜೇಬಿನಿಂದ ಒಂದು ಕಾಗದದ ಪಟ್ಟಿ ತೆಗೆದು, ಮೂತಿಯ ಬಳಿ ನಳಿಕೆಗೂ ಮರಕ್ಕೂ ನಡುವೆ ತೂರಿಸಿ ಎಳೆದರು. ಪಟ್ಟಿ ತಡೆಯಿಲ್ಲದೆ ಜಾರಿ ಬಂತು. "ಸೈಟ್ ಬಿಡಿ, ಮರ ನೋಡಿ" ಎಂದರು. ನಂ. 4ರಲ್ಲಿ ಮುಂಭಾಗದ ಮರವು ಮೂತಿಯ ಹತ್ತಿರ ನಳಿಕೆಯನ್ನು ಕೆಲವು ಪೌಂಡುಗಳಷ್ಟು ಮೇಲಕ್ಕೆ ಒತ್ತಿ ಹಿಡಿದಿರಬೇಕು. ಮರ ಒಣಗಿ ಕುಗ್ಗಿ ಆ ಒತ್ತಡ ಹೋಗಿತ್ತು. ಅವರು ಮರದ ಹಿಂತುದಿಯಲ್ಲಿ ಟ್ರಿಗರ್ ಬಳಿಯ ಸವೆದ ಜಾಗಗಳಿಗೆ ಗಟ್ಟಿ ಮರದ ಚೂರು ಕೂರಿಸಿ, ಉಜ್ಜಿ, ಮತ್ತೆ ಜೋಡಿಸಿ, ಮತ್ತೆ ಉಜ್ಜಿ, ಎರಡು ದಿನ ತೆಗೆದುಕೊಂಡರು. ಈಗ ಆ ಕಾಗದದ ಪಟ್ಟಿ ಎಳೆದರೆ ಹರಿಯುತ್ತದೆಯೇ ಹೊರತು ಜಾರುವುದಿಲ್ಲ. ಅಂದಿನಿಂದ ಮಳೆಗಾಲದ ಮೊದಲೂ ನಂತರವೂ ಅದೇ ಪರೀಕ್ಷೆ ಮಾಡುತ್ತೇನೆ.

ದೂರದ ಹೊಡೆತದ ಮಾತಿಗೆ ಬಂದರೆ, ಲೀ-ಎನ್‌ಫೀಲ್ಡ್‌ಗೆ ಒಂದು ವಿಶೇಷ ಗುಣವಿದೆ. ಇದರ ಬೋಲ್ಟ್ ಬೀಗ ಹಾಕಿಕೊಳ್ಳುವುದು ಹಿಂಭಾಗದಲ್ಲಿ. ಮೌಸರ್ ರೈಫಲ್‌ನಂತೆ ಮುಂದೆ ಅಲ್ಲ. ಗುಂಡು ಹಾರುವಾಗ ನಳಿಕೆ ಮೇಲೆ ಕೆಳಗೆ ತುಯ್ಯುತ್ತದೆ. ವೇಗದ ಗುಂಡು ಮೂತಿ ಇನ್ನೂ ಕೆಳಗಿರುವಾಗಲೇ ಹೊರಬೀಳುತ್ತದೆ, ನಿಧಾನದ ಗುಂಡು ಮೂತಿ ತುಸು ಮೇಲೆದ್ದಾಗ. ಹಾಗಾಗಿ ಹತ್ತಿರದಲ್ಲಿ ಎತ್ತರವಾಗಿ ಹರಡಿದಂತೆ ಕಾಣುವ ಗ್ರೂಪ್ (ಟಾರ್ಗೆಟ್ ಮೇಲಿನ ಗುಂಡುಗಳ ಗುಂಪು) ದೂರ ಹೋದಂತೆ ಮತ್ತೆ ಕೂಡಿಕೊಳ್ಳುತ್ತದೆ. ಇಂಗ್ಲೆಂಡಿನ ಬಿಸ್ಲಿಯ ಗುರಿ ಸ್ಪರ್ಧೆಗಳಲ್ಲಿ ಕಡಿಮೆ ದೂರಕ್ಕೆ ಪಿ-14 ಎಂಬ ರೈಫಲ್ ಹಿಡಿದವರು 900, 1000 ಗಜಕ್ಕೆ ಲೀ-ಎನ್‌ಫೀಲ್ಡ್ ಹಿಡಿಯುತ್ತಿದ್ದರು ಎಂಬುದರ ಹಿಂದೆ ಇದೇ ಕಾರಣವಿದೆ. ನನ್ನ ನೋಟ್‌ಬುಕ್ಕಿನಲ್ಲೂ ಅದರ ನೆರಳು ಕಾಣುತ್ತದೆ: 200 ಗಜದಲ್ಲಿ ಏಳು ಅಂಗುಲದ ಗ್ರೂಪ್ ಹೊಡೆಯುವ ರೈಫಲ್, 600ರಲ್ಲಿ ಗಾಳಿ ಸುಮ್ಮನಿದ್ದರೆ ಹತ್ತರಲ್ಲಿ ಎಂಟು ಗುಂಡನ್ನು 18 ಅಂಗುಲದೊಳಗೆ ಇಡುತ್ತದೆ.

ಇತರ ರೈಫಲ್‌ಗಳ ಜೊತೆ ಹೋಲಿಸಿ ಎಂದು ಕೇಳುವವರಿಗೆ ಎರಡು ಮಾತು. ಸ್ವಿಸ್ ಕೆ31ರ ನಳಿಕೆ ಮತ್ತು ಅದರ ಜಿಪಿ 11 ಕಾಡತೂಸು ನನ್ನ ರೈಫಲ್‌ಗಿಂತ ನಿಖರ, ಅದರಲ್ಲಿ ಚರ್ಚೆಯಿಲ್ಲ. ಆದರೆ ಸೈಟ್ ತೆರೆದ ಕಚ್ಚಿನದು, ನನ್ನ ಕಣ್ಣಿಗೆ ಒಲಿಯಲಿಲ್ಲ. ಮೊಸಿನ್-ನಾಗಂತ್ 91/30ರ ಸೈಟ್‌ನಲ್ಲಿ 2000 ಮೀಟರ್‌ವರೆಗೂ ಅಂಕಿ ಇದೆ, ಅದನ್ನು ಬಯೊನೆಟ್ ಹಾಕಿಯೇ ಜೀರೋ ಮಾಡುತ್ತಿದ್ದರು. ಬಯೊನೆಟ್ ತೆಗೆದರೆ ಗುಂಡು ಬೀಳುವ ಜಾಗವೇ ಸರಿಯುತ್ತದೆ. 1903ರ ಸ್ಪ್ರಿಂಗ್‌ಫೀಲ್ಡ್‌ನ ಎ3 ಮಾದರಿಯ ತೂತಿನ ಸೈಟ್ ಎಡಬಲಕ್ಕೂ ತಿರುಗುತ್ತದೆ, ಆದರೆ 800 ಗಜಕ್ಕೆ ನಿಲ್ಲುತ್ತದೆ. ಆ ತಿರುಪೊಂದು ನನ್ನ ಏಣಿಗಿದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಕೊಳ್ಳುವವರು ಮೊದಲು ಆರ್ಮರರ್ ಕೈಯಲ್ಲಿ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ಕಾಡತೂಸಿಗೂ ನಡುವಿನ ಸಡಿಲ) ಪರೀಕ್ಷೆ ಮಾಡಿಸಿ. ಬೋಲ್ಟ್ ಮೇಲಿನ ಸಂಖ್ಯೆ ರೈಫಲ್‌ನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಅದು ಆಗುವವರೆಗೆ ಒಂದು ಗುಂಡೂ ಬೇಡ. ಆಮೇಲೆ ಏಣಿಯನ್ನು ಅಲ್ಲಾಡಿಸಿ ನೋಡಿ, ತಿರುಪನ್ನು ಮೇಲಿನಿಂದ ಕೆಳಗಿನವರೆಗೆ ಓಡಿಸಿ ನೋಡಿ. ಎಲ್ಲಿಯೂ ಜಾರದೆ, ಎಲ್ಲಿಯೂ ಸಿಕ್ಕಿಕೊಳ್ಳದೆ ಬಂದರೆ ಅದು ಬಾಳುವ ಸೈಟ್.

ಕಳೆದ ತಿಂಗಳು 900 ಗಜದಲ್ಲಿ ಮಲಗಿದ್ದೆ. ಏಣಿ 975ರಲ್ಲಿ, ಧ್ವಜ ಎಡಕ್ಕೆ ಅರ್ಧ ಎದ್ದಿತ್ತು. ಬ್ಲೇಡನ್ನು ಬಲಕ್ಕೆ ಹಿಡಿದು, ಬುಡದಲ್ಲಿ ಕೂದಲೆಳೆಯಷ್ಟು ಬೆಳಕು ಬಿಟ್ಟು ಒತ್ತಿದೆ. ಅಷ್ಟು ದೂರಕ್ಕೆ ಗುಂಡು ತಲುಪಲು ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ಬೋಲ್ಟ್ ಎಳೆಯುವಷ್ಟು ಹೊತ್ತು. ಟಾರ್ಗೆಟ್ ಕೆಳಗಿಳಿದು ಮತ್ತೆ ಮೇಲೆದ್ದಾಗ ಗುಂಡು ಬಿದ್ದ ಜಾಗ ತೋರಿಸುವ ಬಿಲ್ಲೆ ಕಪ್ಪಿನ ಒಳಗೆ, ನಡುವಿನಿಂದ ತುಸು ಬಲಕ್ಕೆ ಇತ್ತು. ನೋಟ್‌ಬುಕ್ ತೆರೆದು ಬರೆದುಕೊಂಡೆ: "975. ಗಾಳಿ ಅಂದುಕೊಂಡದ್ದಕ್ಕಿಂತ ಕಡಿಮೆ."